ಬುಡನಸಾಬರು ಹಳೇ ಬಣ್ಣ ಕೆರೆಯುವ ಮೊದಲು

ಬೆಳಗಿನ ಆರೂವರೆ. ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ ಕೊಟ್ರಪ್ಪನವರ ಮನೆಯ ಕಟ್ಟೆಯ ಮೇಲೆ ಬುಡನಸಾಬರು ಕೂತಿದ್ದಾರೆ. ಪಕ್ಕದಲ್ಲಿ ಎರಡು ಬಕೆಟ್ ನೀರು, ಮಡಿಚಿದ ತಾಡಪತ್ರಿ, ಹಳೇ ಧೋತರದ ಚಿಂದಿ, ಬಣ್ಣ ಕೆರೆಯುವ ನಾಲ್ಕು ಪಟ್ಟಿಗಳು. ರಾಣೆಬೆನ್ನೂರಿನಿಂದ ಮೊದಲ ಬಸ್ಸಿಗೇ ಬಂದವರು ಇನ್ನೂ ಪಟ್ಟಿ ಎತ್ತಿಲ್ಲ. ನಿನ್ನೆಯೂ ಎತ್ತಿರಲಿಲ್ಲ.

"ಮಗಳು ಒಳಗ ಇರೂತನಕ ನಾ ಬಾಗಲಾ ಮುಟ್ಟಂಗಿಲ್ರಿ ಸಾವ್ಕಾರ್ರ," ಎನ್ನುತ್ತಾರೆ, ದನಿ ಏರಿಸದೆ.

ಮಗಳು ಶೈಲಶ್ರೀ ಏಳು ತಿಂಗಳ ಬಸುರಿ. ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದು ವಾರವಾಗಿದೆ. ಇನ್ನು ಇಪ್ಪತ್ತು ದಿನಕ್ಕೆ ಕುಬಸ, ಸೀಮಂತದ ಶಾಸ್ತ್ರ. ಬೀಗರು ಬರುವಷ್ಟರಲ್ಲಿ ಅಜ್ಜನ ಕಾಲದ ಬಾಗಿಲು, ಕಂಬ, ಕಿಟಕಿಗಳೆಲ್ಲ ಹೊಸ ಬಣ್ಣದಲ್ಲಿ ಹೊಳೆಯಬೇಕೆಂಬುದು ಕೊಟ್ರಪ್ಪನವರ ಹಟ. ಹೊಸದು ಹಚ್ಚಬೇಕಾದರೆ ಹಳೆಯದು ಇಳಿಯಬೇಕು. ಹಳೆಯದು ಇಳಿಯಬೇಕಾದರೆ ಮಗಳು ಹೊರಗೆ ಹೋಗಬೇಕು ಎಂದು ಈ ಮನುಷ್ಯ ಕೂತುಬಿಟ್ಟಿದ್ದಾರೆ.

"ಹಡ್ಯಾಕ ಬಂದ ಮಗಳನ್ನ ಹೊರಗ ಹಾಕು ಅಂತೀಯಲ್ಲೋ ಬುಡನಸಾಬ! ಮಂದಿ ಏನಂದಾರು?" ಕೊಟ್ರಪ್ಪನವರ ಮಾತಲ್ಲಿ ಸಿಟ್ಟಿದೆ, ಸಂಕಟವೂ ಇದೆ. ಬಸುರಿಯನ್ನು ತವರಿನಿಂದ ಕಳಿಸುವುದೆಂದರೆ ಆಡಿಕೊಳ್ಳುವವರ ಬಾಯಿಗೆ ತುತ್ತು ಹಾಕಿದಂತೆ. ಅವರು ಆಗಲೇ ಮಷೀನಿನಿಂದ ಬಣ್ಣ ಉಜ್ಜಿ ತೆಗೆಯುವ ಗ್ರೈಂಡರ್‌ನವನಿಗೆ ಫೋನು ಮಾಡಿದ್ದಾರೆ. ಒಂಬತ್ತಕ್ಕೆ ಬರುತ್ತಾನೆ, ಮೂರೇ ದಿನದಲ್ಲಿ ಮುಗಿಸುತ್ತಾನೆ. ಬುಡನಸಾಬರು ಕೇಳಿರುವುದು ಹನ್ನೊಂದು ದಿನ.

"ಮೆಣಸಿನಕಾಯಿ ಧೂಳಿನ್ಯಾಗ ಹುಟ್ಟಿ ಬೆಳದ ಮಂದಿ ನಾವು. ನಮಗೇನು ಧೂಳು ಹೊಸದ?" ಎಂದು ಕೊಟ್ರಪ್ಪನವರು ಕೇಳಿದರೆ ಬುಡನಸಾಬರದು ಒಂದೇ ಉತ್ತರ: "ಮೆಣಸಿನಕಾಯಿ ಧೂಳು ಪ್ರಾಮಾಣಿಕ ಐತ್ರಿ. ಕೆಮ್ಮಿಸ್ತೈತಿ, ಸೀನಸ್ತೈತಿ, ಬಂದೇನಿ ಅಂತ ಹೇಳತೈತಿ. ಈ ಬಣ್ಣದ ಧೂಳು ಹೇಳೂದಿಲ್ರಿ."

ಬುಡನಸಾಬರಿಗೆ ಈಗ ಐವತ್ನಾಲ್ಕು. ಬಣ್ಣ ಕೆರೆಯಲು ಹಿಡಿದು ಮೂವತ್ತು ವರ್ಷ. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರಿನ ಹಳೇ ಮನೆಗಳ ಬಾಗಿಲುಗಳೆಲ್ಲ ಅವರಿಗೆ ಪರಿಚಯ. ಹಚ್ಚಿದವನ ಹೆಸರನ್ನು ನೆಂಟರು ಕೇಳಿ ಬರೆದುಕೊಳ್ಳುತ್ತಾರೆ. ಕೆರೆದವನನ್ನು ಯಾರು ಕೇಳಬೇಕು? ಹತ್ತು ಮನೆಯವರು ಕರೆದರೆ ಆರು ಮನೆಯವರು ಅವರ ಕರಾರು ಕೇಳಿ ನಕ್ಕು ವಾಪಸು ಕಳಿಸುತ್ತಾರೆ.

ಕರಾರೆಂದರೆ ಕರಾರೇ. ಮೊದಲ ದಿನ ಕೆಲಸವಿಲ್ಲ, ಬರೀ ನೋಡುವುದು. ಮೂಲೆಯಲ್ಲಿ ಉಗುರಿನಷ್ಟು ಜಾಗ ಕೆರೆದು ಎಷ್ಟು ಪದರ ಇದೆ ಎಂದು ಎಣಿಸುತ್ತಾರೆ. ಈ ಬಾಗಿಲಿಗೆ ಏಳು ಪದರ. ತಳದ ಮೂರು ಹಳೇ ಕಾಲದ ಆಯಿಲ್ ಪೇಂಟ್. ಆ ಕಾಲದ ಪೇಂಟಿನಲ್ಲಿ ಸೀಸ ಸೇರಿರುತ್ತಿತ್ತು. ಅದರ ಧೂಳು ಮಕ್ಕಳ ಮೆದುಳಿಗೆ ಕುತ್ತು, ಬಸುರಿಯಿಂದ ಹೊಟ್ಟೆಯ ಕೂಸಿಗೂ ದಾಟುತ್ತದೆ. ಆದ್ದರಿಂದ ಮನೆಯಲ್ಲಿ ಯಾರ್ಯಾರಿದ್ದಾರೆಂದು ಕೇಳಿ, ಚಿಕ್ಕವರನ್ನೂ ಬಸುರಿಯರನ್ನೂ ಮೊದಲು ಹೊರಗೆ ಕಳಿಸಬೇಕು. ಆಮೇಲೆ ಪಾತ್ರೆ ಪಡಗ, ಹಾಸಿಗೆ, ಕಾಳುಕಡಿ. ಒಂದು ಸಲಕ್ಕೆ ಒಂದೇ ಕೋಣೆ; ಬಾಗಿಲಿಗೆ ತಾಡಪತ್ರಿ, ನೆಲಕ್ಕೆ ತಾಡಪತ್ರಿ. ಒಣ ಬಣ್ಣ ಉಜ್ಜುವಂತಿಲ್ಲ, ಬೆಂಕಿ ಹಿಡಿದು ಕರಗಿಸುವಂತಿಲ್ಲ. ನೀರು ಹೊಡೆದು, ನೆನೆಸಿ, ಕೆರೆಯಬೇಕು. ಸಂಜೆ ಕಸಬರಿಗೆ ಮುಟ್ಟದೆ ಹಸಿ ಬಟ್ಟೆಯಲ್ಲಿ ಮೂರು ಸಲ ಒರೆಸಿ, ಚಕ್ಕೆಗಳನ್ನು ಎರಡು ಚೀಲದಲ್ಲಿ ಕಟ್ಟಬೇಕು. ಹೀಗೆ ಮಾಡಿದರೆ ದಿನಕ್ಕೆ ಒಂದು ಚೌಕಟ್ಟು, ಬಹಳವೆಂದರೆ ಒಂದೂವರೆ.

ಏಳೂವರೆಗೆ ಶೈಲಶ್ರೀಯೇ ಚಹಾ ತಂದು ಕೊಡುತ್ತಾಳೆ. ಕಟ್ಟೆಯ ಇನ್ನೊಂದು ತುದಿಗೆ ಕೂತು ಕೇಳುತ್ತಾಳೆ, "ಇಷ್ಟ್ಯಾಕ ಹಟ, ಕಾಕಾ?"

ಬುಡನಸಾಬರು ಬಟ್ಟಲನ್ನು ಕೆಳಗಿಡುತ್ತಾರೆ. ಇಷ್ಟು ವರ್ಷ ಯಾವ ಮನೆಯಲ್ಲೂ ಹೇಳದ್ದನ್ನು ಈ ಹುಡುಗಿಗೆ ಹೇಳುತ್ತಾರೆ.

"ನನಗ ಅಫ್ರೀನ್ ಅಂತ ಮಗಳದಾಳ, ಯವ್ವಾ. ನಾಕು ವರ್ಷದಾಕಿ ಇದ್ದಾಗ ಊಟ ಬಿಟ್ಲು. ಹೊಟ್ಟಿ ಹಿಡಕೊಂಡು ಹೊರಳ್ಯಾಡ್ತಿದ್ಲು. ಹುಬ್ಬಳ್ಯಾಗ ರಕ್ತ ತಗದು ನೋಡಿ, ರಕ್ತದಾಗ ಸೀಸ ಐತಿ, ಬಾಯಾಗ ಏನೂ ಹಾಕ್ಕೊಳ್ಳದಂಗ ನೋಡ್ಕೋರಿ ಅಂದ್ರು. ನಮ್ಮ ಮನ್ಯಾಗಿನ ಉರ್ದುದಾಗ ಶೀಶಾ ಅಂದ್ರ ಗಾಜು. ಕೂಸು ಬಳೀಚೂರು ಇಟಗೊಂಡು ಆಡ್ತಿತ್ತು, ಅದನ್ನ ನುಂಗೈತಿ ಅಂತ ತಿಳಕೊಂಡ್ವಿ. ಚೂರು ಹೊರಗ ಬೀಳ್ಲಿ ಅಂತ ಬಾಳಿಹಣ್ಣು ತಿನಿಸಿದ್ವಿ. ಬಳೀಚೂರೆಲ್ಲಾ ಕಸಗೊಂಡು ಒಗದ್ವಿ."

ಅವರು ಪಕ್ಕದ ಧೋತರದ ಚಿಂದಿಯನ್ನು ಬಿಚ್ಚಿ ಮತ್ತೆ ಮಡಿಚಿಡುತ್ತಾರೆ.

"ಆಕಿ ಅಳಾಕ ಹತ್ತಿದ್ಲು. ಅಳೂದು ನೋಡಾಕ ಆಗಲಿಲ್ಲ. ಬಾಗಲದ ಬಣ್ಣದ ಚಕ್ಕಿ ಇರ್ತಾವಲ್ಲ, ಹಸರು, ನೀಲಿ... ಇವು ಚುಚ್ಚಂಗಿಲ್ಲ, ಕೊಯ್ಯಂಗಿಲ್ಲ ಅಂತ ದಿನಾ ಮುಷ್ಟಿತುಂಬ ತಂದು ಕೊಟ್ನಿ. 'ಅಬ್ಬಾ, ಸಿಹಿ ಅದಾವು' ಅಂದಿದ್ಲು ಒಂದಿನ. ನಾ ನಕ್ಕಿದ್ನಿ. ಏಳು ತಿಂಗಳು ತಂದ್ನಿ, ಯವ್ವಾ. ಫಿಟ್ಸ್ ಬಂದು ಮತ್ತ ಹುಬ್ಬಳ್ಳಿಗೆ ಒಯ್ದಾಗ ಡಾಕ್ಟ್ರು, ನೀ ಏನ್ ಕೆಲಸ ಮಾಡ್ತಿ ಅಂತ ಕೇಳಿದ್ರು. ಸೀಸ ಇದ್ದದ್ದು ಬಣ್ಣದಾಗ ಅಂತ ಆವಾಗ ಗೊತ್ತಾತು. ಬೇಲಿನ ಎದ್ದು ಹೊಲಾ ಮೇದಿತ್ತು."

ಅಫ್ರೀನ್‌ಗೆ ಈಗ ಇಪ್ಪತ್ತೆರಡು. ಬುದ್ಧಿ ಆರು ವರ್ಷದ ಮಗುವಿನದು. ಅಕ್ಕಿ ಆರಿಸಲು ಕೂತರೆ ಯಾವುದು ಅಕ್ಕಿ, ಯಾವುದು ಕಲ್ಲು ಎಂಬುದೇ ನಡುವೆ ಮರೆತುಹೋಗುತ್ತದೆ. ಎಲ್ಲ ಆ ಚಕ್ಕೆಗಳಿಂದಲೇ ಆಯಿತೆಂದು ಡಾಕ್ಟರೂ ಖಡಾಖಂಡಿತ ಹೇಳಿಲ್ಲ. ಬುಡನಸಾಬರಿಗೆ ಮಾತ್ರ ಅನುಮಾನವಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು ಎಂದು ಲೋಕ ಸುಲಭವಾಗಿ ಹೇಳುತ್ತದೆ. ಆ ಬುದ್ಧಿಯನ್ನು ಹೊತ್ತುಕೊಂಡು ದಿನವೂ ಅದೇ ಕೆಲಸಕ್ಕೆ ಹೋಗುವುದು ಎಷ್ಟು ಕಷ್ಟವೆಂದು ಹೊತ್ತವರನ್ನೇ ಕೇಳಬೇಕು.

ಶೈಲಶ್ರೀ ಎದ್ದು ಒಳಗೆ ಹೋಗುತ್ತಾಳೆ. ಹಾವೇರಿಯ ಚಿಕ್ಕಮ್ಮನಿಗೆ ತಾನೇ ಫೋನು ಹಚ್ಚುತ್ತಾಳೆ. ಅರ್ಧ ಗಂಟೆಯಲ್ಲಿ ಕೈಯಲ್ಲಿ ಚೀಲ. ಅಡ್ಡ ನಿಂತ ಅಪ್ಪನಿಗೆ ಅಂದದ್ದು ಇಷ್ಟೇ: "ನಾ ತವರಿಗೆ ಬಂದಿದ್ದು ಕೂಸಿನ ಸಲುವಾಗಿ ಅಪ್ಪಾ, ಬಾಗಲದ ಸಲುವಾಗಿ ಅಲ್ಲ."

ಕೊಟ್ರಪ್ಪನವರು ಮಗಳನ್ನು ಆಟೋ ಹತ್ತಿಸಿ ಬರುತ್ತಾರೆ. ಗ್ರೈಂಡರ್‌ನವನಿಗೆ ಬರಬೇಡ ಎಂದು ತಿಳಿಸುತ್ತಾರೆ. ಆಮೇಲೆ ಅಡುಗೆಮನೆಯ ಹಿಟ್ಟಿನ ಡಬ್ಬಿಗಳನ್ನು ಒಂದೊಂದಾಗಿ ಹೊರಗೆ ಸಾಗಿಸತೊಡಗುತ್ತಾರೆ. ಹತ್ತು ಗಂಟೆಗೆ ಬುಡನಸಾಬರು ತಾಡಪತ್ರಿ ಕಟ್ಟಿ, ಮುಖಕ್ಕೆ ಮಾಸ್ಕ್ ಬಿಗಿದು, ಬಾಗಿಲಿಗೆ ನೀರು ಹೊಡೆಯುತ್ತಾರೆ.

ಸಂಜೆ ರಾಣೆಬೆನ್ನೂರಿನ ಮನೆಯಲ್ಲಿ ಅವರು ನೇರ ಒಳಗೆ ಹೋಗುವುದಿಲ್ಲ. ಹೆಂಡತಿ ಮೈಮುನಾಬಿ ಹಿತ್ತಲಲ್ಲಿ ಬಿಸಿನೀರು, ಬೇರೆ ಲುಂಗಿ ಇಟ್ಟಿರುತ್ತಾರೆ. ಕೆಲಸದ ಅಂಗಿಯನ್ನು ಬೇರೆ ಬಕೆಟ್ಟಿನಲ್ಲಿ ನೆನೆಹಾಕಿ, ತಲೆ ತೊಳೆದು, ಉಗುರಿನ ಸಂದನ್ನೆಲ್ಲ ಬ್ರಷ್ಷಿನಿಂದ ಉಜ್ಜಿಕೊಂಡು ಹೊಸ್ತಿಲು ದಾಟುತ್ತಾರೆ. ಬಿಸ್ಕೀಟು ತಂದಿದ್ದರೆ ಮೈಮುನಾಬಿಯ ಕೈಗೆ ಕೊಡುತ್ತಾರೆ. ಮಗಳ ಕೈಗೆ ತಾವಾಗಿ ಏನನ್ನೂ ಕೊಡುವುದಿಲ್ಲ.

ಅಫ್ರೀನ್ ಓಡಿ ಬಂದು ಅಬ್ಬನ ಮುಷ್ಟಿ ಹಿಡಿಯುತ್ತಾಳೆ. ಹದಿನೆಂಟು ವರ್ಷವಾದರೂ ಆಕೆಗೆ ಅದೊಂದು ಮರೆತಿಲ್ಲ. ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಒಳಗೆ ಬಣ್ಣ ಹುಡುಕುತ್ತಾಳೆ. ಏನೂ ಇಲ್ಲದ್ದು ಕಂಡು ಮುಖ ಸಣ್ಣದು ಮಾಡುತ್ತಾಳೆ.

"ಮಕ್ಕಳಿದ್ದ ಮನೀಗೆ ಬರಿಗೈಲೆ ಹೋಗಬಾರ್ದು ಅಂತಾರ," ಎನ್ನುತ್ತಾರೆ ಬುಡನಸಾಬರು ಹೆಂಡತಿಗೆ, ಮಗಳ ಹಿಡಿತದಿಂದ ಕೈ ಬಿಡಿಸಿಕೊಳ್ಳದೆ. "ನಾ ದಿನಾ ಬರಿಗೈಲೆ ಬರ್ತೇನಿ. ಈಗ ಆಕಿಗೆ ನನ್ನ ಕೈಲೆ ಕೊಡಾಕ ಆಗೂದು ಅದೊಂದ."