ಆಕಾಶಕ್ಕೆ ಲೈನ್ ಕ್ಲಿಯರ್ ಕೊಟ್ಟವರು

ಹೆಲಿಕಾಪ್ಟರ್ ಸದ್ದು ಕೇಳಿದ ತಕ್ಷಣ ಆಸ್ಪತ್ರೆಯ ಜನರೆಲ್ಲ ತಲೆ ಎತ್ತಿ ಮೇಲೆ ನೋಡುತ್ತಿದ್ದರು. ಅವರೊಬ್ಬರು ಮಾತ್ರ ತಲೆ ತಗ್ಗಿಸುತ್ತಿದ್ದರು. ಕಣ್ಣು ಮುಚ್ಚಿ, ಕತ್ತು ಓರೆ ಮಾಡಿ, ಬಿಳಿ ಕೂದಲು ಚಿಗುರಿದ ಅಗಲವಾದ ಎಡಗಿವಿಯನ್ನು ಆಕಾಶಕ್ಕೆ ಒಡ್ಡಿ, ಬಲಗಿವಿಗೆ ಬೆರಳು ತುರುಕಿಕೊಂಡು ಅಲ್ಲಾಡದೆ ನಿಲ್ಲುತ್ತಿದ್ದರು. ಆಮೇಲೆ ಕಣ್ಣು ಬಿಟ್ಟು, "ಬಾಗೇಪಲ್ಲಿ ಕಡೆಯದು. ತಗ್ಗಿನಲ್ಲಿ ಬರ್ತಾವ್ನೆ," ಎನ್ನುತ್ತಿದ್ದರು. ಆ ದಿಕ್ಕಿಗೆ ತಿರುಗಿ ಹುಡುಕಿದರೆ ಸ್ವಲ್ಪ ಹೊತ್ತಿನ ಮೇಲೆ ಒಂದು ಚುಕ್ಕೆ ಕಾಣುತ್ತಿತ್ತು. ಅವರ ಲೆಕ್ಕ ತಪ್ಪಿದ್ದನ್ನು ನಾನು ನೋಡಲಿಲ್ಲ.

ನಾವು ಅವರನ್ನು ಚಾಚಾ ಎಂದು ಕರೆಯುತ್ತಿದ್ದೆವು. ಶಿಡ್ಲಘಟ್ಟದವರು. ಮನೆಯಲ್ಲಿ ಅಣ್ಣ ತಮ್ಮಂದಿರೆಲ್ಲ ರೇಷ್ಮೆ ನೂಲು ತೆಗೆಯುವ ಕೆಲಸದಲ್ಲಿದ್ದರೆ ಇವರೊಬ್ಬರು ರೈಲಿಗೆ ಸೇರಿದ್ದರು. ನಮ್ಮ ಕಡೆ ಓಡುತ್ತಿದ್ದ ಪುಟ್ಟ ರೈಲಿನ ಸಣ್ಣ ಸಣ್ಣ ಸ್ಟೇಷನ್ನುಗಳಲ್ಲಿ ದುಡಿದು ನಿವೃತ್ತರಾಗಿದ್ದರು. ಚಿಕ್ಕಬಳ್ಳಾಪುರದ ಹೊರಗೆ, ಹೆದ್ದಾರಿಯ ಪಕ್ಕದ ನಮ್ಮ ಆಸ್ಪತ್ರೆಯವರು ಹೆಲಿಪ್ಯಾಡ್ ಕಟ್ಟಿಸಿದಾಗ ಅದಕ್ಕೊಬ್ಬ ಕಾವಲುಗಾರ ಬೇಕೆಂದು ಇವರನ್ನು ಇಟ್ಟುಕೊಂಡರು. ದನ ನಾಯಿ ಓಡಿಸಿಕೊಂಡು ಕೂತಿದ್ದರೆ ಸಾಕು ಎಂಬುದು ಆಡಳಿತದವರ ಎಣಿಕೆ. ಚಾಚಾ ಬಂದ ವಾರದಲ್ಲೇ ಅದನ್ನೊಂದು ಸ್ಟೇಷನ್ ಮಾಡಿಬಿಟ್ಟರು.

ನಾನು ಚಿಂತಾಮಣಿಯವಳು. ಆಗ ಇಪ್ಪತ್ತೆರಡು ವರ್ಷ, ಆಸ್ಪತ್ರೆಯ ಟೆಲಿಫೋನ್ ಆಪರೇಟರ್. ಬಾಯಿ ಜೋರು, ಮೂಗಿನ ತುದಿಯಲ್ಲೇ ಕೋಪ. ಹೆಲಿಕಾಪ್ಟರ್‌ಗಳ ಜೊತೆ ಮಾತಾಡುವ ರೇಡಿಯೊ ಸೆಟ್ಟನ್ನೂ ನನ್ನ ಕೋಣೆಯಲ್ಲೇ ಇಟ್ಟಿದ್ದರಿಂದ ಈ ಮುದುಕರ ಜೊತೆ ಏಗಬೇಕಾಗಿ ಬಂತು. ಮೊದಲ ದಿನವೇ ಗೋಡೆಗೆ ಮೊಳೆ ಹೊಡೆದು ಒಂದು ಕೊಕ್ಕೆ ಸಿಕ್ಕಿಸಿದರು. ಅದಕ್ಕೊಂದು ಕಬ್ಬಿಣದ ಬಳೆ ನೇತುಹಾಕಿದರು. ಬಳೆ ಎಂದರೆ ಕೈಗೆ ಹಾಕುವುದಲ್ಲ, ಹೆಗಲಿಗೆ ತೂರಿಸಿಕೊಳ್ಳುವಷ್ಟು ದೊಡ್ಡದು.

"ಇದ್ಯಾಕೆ ಚಾಚಾ, ಎಮ್ಮೆ ಕಟ್ಟೋಕಾ?" ಎಂದೆ.

ಅವರು ನಗಲಿಲ್ಲ. "ಒಂಟಿ ಹಳಿ ಮೇಲೆ ಎರಡು ರೈಲು ಎದುರುಬದುರು ಬರಬಾರದು ಅಲ್ವೇನಮ್ಮಾ? ಅದಕ್ಕೆ ಒಂದೇ ಬಳೆ ಇಟ್ಟಿರ್ತಿದ್ವಿ. ಬಳೆ ಯಾವ ಡ್ರೈವರ್ ಕೈಲಿದ್ಯೋ ಅವನೊಬ್ಬನಿಗೇ ದಾರಿ. ಇನ್ನೊಬ್ಬ ಎಷ್ಟು ಕೂಗಾಡಿದ್ರೂ ನಿಲ್ಲಬೇಕು. ಇಲ್ಲೂ ಅಷ್ಟೇ. ಒಂದಕ್ಕೆ ಲೈನ್ ಕ್ಲಿಯರ್, ದಾರಿ ಖಾಲಿ ಇದೆ ಬಾ ಅಂದ್ರೆ ಬಳೆ ನನ್ನ ಹೆಗಲಿಗೆ. ಅದು ಇಳಿದು, ವಾಪಸ್ ಹಾರಿ ದೂರ ಹೋದ್ಮೇಲೆ ಬಳೆ ಕೊಕ್ಕೆಗೆ. ಕೊಕ್ಕೇಲಿ ಬಳೆ ಇಲ್ಲ ಅಂದ್ರೆ ಇನ್ನೊಂದಕ್ಕೆ ಬಾ ಅನ್ನಂಗಿಲ್ಲ."

"ಆಕಾಶ ಇಷ್ಟು ಅಗಲ ಇದೆ. ಅದ್ರಲ್ಲಿ ಹಳಿ ಎಲ್ಲಿದೆ?"

"ಅಗಲ ಅನ್ನೋದು ಕೆಳಗೆ ನಿಂತಿರೋರ ಮಾತು. ಎಲ್ರೂ ಬರೋದು ಈ ಒಂದೇ ಬಾಗಿಲಿಗೆ."

ಪೈಲಟ್‌ಗಳೂ ಮೊದಮೊದಲು ನಕ್ಕರು. ತಿಂಗಳಿಗೆ ನಾಲ್ಕೈದು ಸಲ ಬರುವ ಹೆಲಿಕಾಪ್ಟರ್‌ಗೆ ಇಷ್ಟೆಲ್ಲ ಮಡಿ ಮೈಲಿಗೆ ಯಾಕೆ ಎಂದರು. ಚಾಚಾ ಅವರಿಗೆ ಸಾಸರಿನಲ್ಲಿ ಟೀ ಸುರಿದುಕೊಟ್ಟು, ಅವರೆದುರೇ ತಮ್ಮ ಪುಸ್ತಕದಲ್ಲಿ ಬಂದ ಹೊತ್ತು, ಬಂದ ದಿಕ್ಕು ಬರೆದುಕೊಳ್ಳುತ್ತಿದ್ದರು. ನಮ್ಮಲ್ಲಿ ತೊಂದರೆ ಇದ್ದದ್ದು ಬೇರೆ ಕಡೆ. ಅಪಘಾತವಾದವರನ್ನು ತರುವುದಕ್ಕೆ ಒಂದು ಕಂಪನಿಯ ಹೆಲಿಕಾಪ್ಟರ್, ಇಲ್ಲಿಂದ ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಸಾಗಿಸುವುದಕ್ಕೆ ಇನ್ನೊಂದು ಕಂಪನಿಯದು. ಒಬ್ಬರ ಸುದ್ದಿ ಇನ್ನೊಬ್ಬರಿಗೆ ಗೊತ್ತಾಗುತ್ತಿರಲಿಲ್ಲ. ಇಬ್ಬರನ್ನೂ ಬಲ್ಲದ್ದು ನಮ್ಮ ಕೋಣೆಯೊಂದೇ.

ಆ ವರ್ಷದ ಆಯುಧಪೂಜೆಯ ದಿನ ಬೆಳಿಗ್ಗೆಯಿಂದ ಮೋಡ ನೆಲಕ್ಕೇ ಇಳಿದಿತ್ತು. ನಂದಿಬೆಟ್ಟದ ಕಡೆ ಏನೂ ಕಾಣುತ್ತಿರಲಿಲ್ಲ. ಆಸ್ಪತ್ರೆಯ ಮುಂದೆ ಆಂಬುಲೆನ್ಸ್‌ಗಳಿಗೆ ಬಾಳೆಕಂದು ಕಟ್ಟಿ, ಮೇಜಿನ ಮೇಲೆ ಕತ್ತರಿ, ಸ್ಪ್ಯಾನರ್, ಸ್ಟೆತಸ್ಕೋಪ್ ಎಲ್ಲ ಜೋಡಿಸಿದ್ದರು. ನಾನೂ ಹೊಸ ಸೀರೆಯಲ್ಲಿ ಅಲ್ಲಿಯೇ ಇದ್ದೆ. ಅಷ್ಟರಲ್ಲಿ ಬಾಗೇಪಲ್ಲಿ ಕಡೆಯಿಂದ ಕೋಣೆಗೆ ಫೋನ್ ಬಂದಿದೆ. ಬಸ್ಸೊಂದು ಉರುಳಿ ಕಂಡಕ್ಟರ್‌ಗೆ ತೊಡೆ ಸೀಳಿ ರಕ್ತ ನಿಲ್ಲುತ್ತಿಲ್ಲ, ಹೆಲಿಕಾಪ್ಟರ್‌ನಲ್ಲಿ ತರುತ್ತಿದ್ದೇವೆ ಎಂದು. ಚಾಚಾ ಲೈನ್ ಕ್ಲಿಯರ್ ಕೊಟ್ಟು ಬಳೆ ಹೆಗಲಿಗೇರಿಸಿಕೊಂಡಿದ್ದಾರೆ. ಇದು ಯಾವುದೂ ನನಗೆ ತಿಳಿಯದು.

ಆಂಬುಲೆನ್ಸ್ ಡ್ರೈವರ್ ಅವರ ಬಳಿ ಹೋಗಿ, "ಚಾಚಾ, ನಿಮ್ಮ ಆಯುಧನೂ ಕೊಡಿ, ಪೂಜೆಗಿಡಣ," ಎಂದನಂತೆ. ಚಾಚಾ ಅರೆಗಳಿಗೆ ತಡೆದು, "ಎರಡೇ ನಿಮಿಷ, ಆಯ್ತಾ?" ಎಂದು ಕೊಟ್ಟು, ಸ್ಟ್ರೆಚರ್ ಸಿದ್ಧಮಾಡಿಸಲು ಹೆಲಿಪ್ಯಾಡಿಗೆ ಹೋದರಂತೆ.

ಪೂಜೆಯಾಯಿತು. ಬೂದುಗುಂಬಳಕಾಯಿ ಒಡೆದರು. ಬಳೆಗೆ ಕುಂಕುಮ ಹಚ್ಚಿ, ಸೇವಂತಿಗೆ ಹೂವು ಸುತ್ತಿ ನಾನೇ ಕೋಣೆಗೆ ತಂದೆ. ಪೂಜೆಯಾದ ವಸ್ತುವನ್ನು ಕುರ್ಚಿ ಮೇಲೆ, ನೆಲದ ಮೇಲೆ ಇಡುತ್ತಾರೆಯೇ? ಭಕ್ತಿಯಿಂದ ಕೊಕ್ಕೆಗೆ ಹಾಕಿದೆ. ಅದು ಯಾರ ಹೆಗಲಿನಿಂದ ಇಳಿದು ಬಂತು ಎಂದು ಕೇಳಲಿಲ್ಲ. ಕಡ್ಲೆಪುರಿ ಬಾಯಿಗೆ ಹಾಕಿಕೊಳ್ಳುತ್ತಿರುವಾಗ ಬೆಂಗಳೂರಿನಿಂದ ಫೋನ್ ಬಂತು. ಸುಟ್ಟಗಾಯದ ವಾರ್ಡಿನಿಂದ ಒಬ್ಬರನ್ನು ಸಾಗಿಸಬೇಕಿತ್ತು. ಹೊರಡಲೇ ಎಂದು ಕೇಳಿದರು. ಕೊಕ್ಕೆ ನೋಡಿದೆ. ಬಳೆ ಇತ್ತು.

"ಲೈನ್ ಕ್ಲಿಯರ್, ಬನ್ನಿ," ಎಂದೆ.

ಎಷ್ಟೋ ಹೊತ್ತಿನ ಮೇಲೆ ಕಿಟಕಿಯಿಂದ ನೋಡಿದರೆ ಚಾಚಾ ಹೆಲಿಪ್ಯಾಡಿನ ಅಂಚಿನಲ್ಲಿ ತಲೆ ತಗ್ಗಿಸಿ ನಿಂತಿದ್ದರು. ಕಿವಿಯನ್ನು ಉತ್ತರಕ್ಕೆ ತಿರುಗಿಸಿದರು. ಮತ್ತೆ ದಕ್ಷಿಣಕ್ಕೆ ತಿರುಗಿಸಿದರು. ಆಮೇಲೆ ಓಡಿ ಬರತೊಡಗಿದರು. ಮಂಡಿನೋವಿನಿಂದ ಮೆಟ್ಟಿಲು ಹತ್ತಲೂ ಒದ್ದಾಡುತ್ತಿದ್ದ ಮನುಷ್ಯ ಓಡುವುದನ್ನು ಕಂಡು ನಾನು ಎದ್ದು ಬಾಗಿಲಿಗೆ ಹೋದೆ.

"ಎರಡು ಬರ್ತಾವೆ! ಬೆಂಗಳೂರಿನದಕ್ಕೆ ಯಾರು ಹೇಳಿದ್ದು?"

"ನಾನು. ಬಳೆ ಕೊಕ್ಕೇಲಿತ್ತು ಚಾಚಾ."

ಅವರು ಹೂವು ಸುತ್ತಿದ ಬಳೆಯನ್ನು ನೋಡಿದರು. ಬೈಯಲಿಲ್ಲ. "ಬೆಂಗಳೂರಿಗೆ ಫೋನ್ ಮಾಡು. ಎತ್ತೋ ತನಕ ಬಿಡಬೇಡ," ಎಂದು ರೇಡಿಯೊ ಹಿಡಿದರು.

ಬೆಂಗಳೂರಿನ ಪೈಲಟ್ ಉತ್ತರಿಸಲಿಲ್ಲ. ಬೆಟ್ಟ ಅಡ್ಡ ಇತ್ತು, ಇನ್ನೂ ತನ್ನ ಊರಿನ ಕಡೆಗೇ ರೇಡಿಯೊ ತಿರುಗಿಸಿಕೊಂಡಿದ್ದನೋ ಏನೋ. ಅವನ ಆಫೀಸಿನ ಫೋನ್ ರಿಂಗಾಗುತ್ತಲೇ ಇತ್ತು. ಯಾರೂ ಎತ್ತಲಿಲ್ಲ. ನನಗೆ ಗೊತ್ತಾಯಿತು: ಅಲ್ಲಿಯೂ ಎಲ್ಲರೂ ಪೂಜೆಯಲ್ಲಿದ್ದಾರೆ. ಮತ್ತೆ ಒತ್ತಿದೆ, ಮತ್ತೆ ಒತ್ತಿದೆ. ಅವಸರದಲ್ಲಿ ಎರಡು ಸಲ ತಪ್ಪು ನಂಬರ್ ಹೋಯಿತು.

ಉತ್ತರದ, ಬಾಗೇಪಲ್ಲಿ ಕಡೆಯ ಪೈಲಟ್ ಮಾತ್ರ ರೇಡಿಯೊದಲ್ಲಿ ಸಿಕ್ಕ. ಚಾಚಾ ತಮ್ಮ ಹಿಂದಿ-ಇಂಗ್ಲಿಷ್ ಬೆರಕೆಯಲ್ಲಿ ಅವನಿಗೆ, ಆಸ್ಪತ್ರೆಗೆ ಉತ್ತರಕ್ಕಿರುವ ಕೆರೆಯ ಮೇಲೆಯೇ ಸುತ್ತುತ್ತಿರು, ಅದರ ಏರಿ ದಾಟಬೇಡ ಎಂದರು. ಅವನು ಒಪ್ಪಲಿಲ್ಲ. ಪೇಷಂಟ್‌ಗೆ ನಾಡಿ ಸಿಗುತ್ತಿಲ್ಲ ಎಂದು ಪಕ್ಕದಲ್ಲಿದ್ದ ಡಾಕ್ಟರ್ ಕೂಗುವುದು ನಮಗೂ ಕೇಳಿಸಿತು. ಆ ಕೂಗು ಕೇಳಲಾರದೆ ನಾನು ಅಂದುಬಿಟ್ಟೆ, "ಚಾಚಾ, ಅವನು ಸಾಯ್ತಾನೆ. ಅವನನ್ನ ಇಳಿಸಿ, ಆ ಖಾಲಿ ಬರ್ತಿರೋದನ್ನ ನಿಲ್ಲಿಸಿ!"

"ಅದಕ್ಕೆ ಕೇಳಿಸ್ತಿಲ್ಲಮ್ಮ. ಕೇಳಿಸ್ಕೊಳ್ಳೋನನ್ನೇ ನಿಲ್ಲಿಸಬೇಕು. ಬೇರೆ ದಾರಿ ಇಲ್ಲ."

ಹಾಗೆಂದವರ ಕೈಯಲ್ಲಿದ್ದ ರೇಡಿಯೊ ಮೈಕ್ ಬೆವರಿನಲ್ಲಿ ಜಾರುತ್ತಿತ್ತು. ಲುಂಗಿಗೆ ಒರೆಸಿಕೊಂಡು ಮತ್ತೆ ಹಿಡಿದರು. "ಅಲ್ಲೇ ಇರಿ. ಒಂದು ಸುತ್ತು ಮುಗೀತಾ? ಇನ್ನೊಂದು ಸುತ್ತಿ," ಎಂದು ಪುಟ್ಟ ಮಕ್ಕಳಿಗೆ ಹೇಳುವಂತೆ ಹೇಳುತ್ತಲೇ ಇದ್ದರು. ಪೈಲಟ್ ಬೈದ. ಕೊಳಕು ಬೈಗುಳ. ಚಾಚಾ ಅದಕ್ಕೂ, "ಹೌದು ಸಾಬ್, ಇನ್ನೊಂದು ಸುತ್ತು," ಎಂದರು.

ಬೆಂಗಳೂರಿನ ಹೆಲಿಕಾಪ್ಟರ್ ಮೋಡದ ಹೊಟ್ಟೆಯಿಂದ ಒಮ್ಮೆಗೇ ಹೊರಬಿತ್ತು. ನೀಲಗಿರಿ ತೋಪಿನ ಮೇಲೆ ಬಗ್ಗಿಕೊಂಡು, ಹೆಲಿಪ್ಯಾಡನ್ನೂ ದಾಟಿ ಉತ್ತರಕ್ಕೆ ಹೋಗಿ, ಅಲ್ಲಿಂದ ತಿರುಗಿ ಬಂದು ಇಳಿಯಿತು. ಅದು ತಿರುಗಿದ ಜಾಗ ಏರಿಯ ಈಚೆ ಬದಿ. ಚಾಚಾ ತಡೆಯದಿದ್ದರೆ ಕಂಡಕ್ಟರ್ ಇದ್ದ ಹೆಲಿಕಾಪ್ಟರ್ ಆ ಹೊತ್ತಿಗೆ ಅದೇ ಮೋಡದಿಂದ ಅಲ್ಲಿಯೇ ಇಳಿಯುತ್ತಿತ್ತು.

ಚಾಚಾ ಮತ್ತೆ ಓಡಿದರು. ಬಾವುಟ ಬೀಸಿ ಆ ಪೈಲಟ್‌ನಿಂದ ಅದನ್ನು ಹಾಗೆಯೇ ಮೇಲೆತ್ತಿಸಿ ಪಕ್ಕದ ಹುಲ್ಲಿನ ಬಯಲಿಗೆ ಸರಿಸಿದರು. ಅವನಿಗೆ ಯಾಕೆಂದೇ ತಿಳಿಯದು, ಹಬ್ಬದ ಮೂಡಿನಲ್ಲಿ ನನ್ನ ಕಿಟಕಿಯ ಕಡೆ ಕೈಬೀಸಿದ. ಆಮೇಲೆ ಕಂಡಕ್ಟರ್ ಇಳಿದ. ಕೆರೆಯ ಮೇಲೆ ಅವನನ್ನು ಏಳು ನಿಮಿಷ ಸುತ್ತಿಸಿದ್ದೆವು. ಸ್ಟ್ರೆಚರ್ ಓಪರೇಷನ್ ಥಿಯೇಟರಿನ ಒಳಗೆ ಹೋದ ಮೇಲೆ ನಾನು ಕೊಕ್ಕೆಯ ಬಳೆಗೆ ಸುತ್ತಿದ್ದ ಹೂವನ್ನು ಬಿಚ್ಚಿ ತೆಗೆದೆ.

ಆ ಸಂಜೆ ಚಾಚಾ ಪುಸ್ತಕ ತೆರೆದು ತಮ್ಮ ಅಕ್ಷರದಲ್ಲಿ ಮೂರು ಸಾಲು ಬರೆದರು: "ದಾರಿ ಕೊಟ್ಟ ಮೇಲೆ ಬಳೆ ಕೈಬಿಟ್ಟೆ. ಸಂಕೋಚಕ್ಕೆ ಬೇಡ ಎನ್ನಲಿಲ್ಲ. ತಪ್ಪು ನನ್ನದು." ಕೆಳಗೆ ನಾಲ್ಕು ಬೆರಳಿನಷ್ಟು ಜಾಗ ಖಾಲಿ ಬಿಟ್ಟರು.

"ಸಂಕೋಚ ಎಂಥದು ಚಾಚಾ? ಕೊಡಲ್ಲ ಅಂದಿದ್ರೆ ಆಗ್ತಿತ್ತು," ಎಂದು ಸಿಡುಕಿದೆ. ತಪ್ಪು ಮಾಡಿದವರಿಗೆ ಸಿಡುಕು ಜಾಸ್ತಿ.

"ಪೂಜೆಗೆ ಕೊಡಿ ಅಂತ ಪ್ರೀತಿಯಿಂದ ಕೇಳ್ದ. ನಾನು ಬೇಡ ಅಂದ್ರೆ, ಸಾಬರಿಗೆ ಕುಂಕುಮ ಆಗಲ್ಲವೇನೋ ಅಂದ್ಕೋತಾನೆ ಅನ್ನಿಸ್ತು. ಕೆಲಸದ ಮಧ್ಯೆ ಮರ್ಯಾದೆ ನೋಡ್ದೆ. ನೋಡಬಾರದಿತ್ತು."

ಖಾಲಿ ಜಾಗ ಯಾಕೆ ಎಂದು ಕೇಳಿದೆ, ಗೊತ್ತಿದ್ದೂ.

"ಅದು ನಿಂದು. ನಿನ್ನ ಹೆಸರು ನಾನು ಬರೆಯಲ್ಲ."

ನಾನು ಬರೆಯಲಿಲ್ಲ. ನನ್ನ ಸಂಬಳದಲ್ಲಿ ಮನೆ ನಡೆಯುತ್ತಿತ್ತು, ಕೆಲಸ ಹೋಗುತ್ತದೆಂಬ ಭಯ. ಮೂರು ದಿನ ಅವರ ಮುಖ ತಪ್ಪಿಸಿದೆ. ಅವರು ಒಂದು ಮಾತೂ ಕೇಳದಿದ್ದುದಕ್ಕೆ ಅವರ ಮೇಲೆಯೇ ಕೋಪ ಬಂತು. ಮೂರನೆಯ ದಿನ ಏನೋ ಕೊಡಲು ವಾರ್ಡಿಗೆ ಹೋದರೆ ಚಾಚಾ ಆ ಕಂಡಕ್ಟರನ ಮಂಚದ ಪಕ್ಕ ಸ್ಟೂಲಿನ ಮೇಲೆ ಕೂತಿದ್ದರು. ಗೌರಿಬಿದನೂರಿನ ಆಳು, ಕಾಲಿಗೆ ದಪ್ಪ ಬ್ಯಾಂಡೇಜು. ನಾನು ಪರದೆಯ ಹಿಂದೆ ನಿಂತೆ.

"ನಿಮ್ಮನ್ನ ಮೇಲೆ ಏಳು ನಿಮಿಷ ನಿಲ್ಲಿಸಿದ್ದು ನಾನು," ಎನ್ನುತ್ತಿದ್ದರು ಚಾಚಾ. "ನಮ್ಮ ತಪ್ಪಿಂದ. ನಿಮ್ಮ ಕಾಲಿಗೆ ಅದ್ರಿಂದ ಏನಾದ್ರೂ ಆಗಿದ್ರೆ, ನಿಮಗೆ ಗೊತ್ತಿರಬೇಕು ಅಂತ ಹೇಳೋಕೆ ಬಂದೆ."

ಕಂಡಕ್ಟರ್ ಅವರನ್ನೇ ನೋಡಿದ. "ನಿಲ್ಲಿಸಿದ್ದಕ್ಕೇ ಅಲ್ವಾ ಸಾಬ್ರೇ ಇಳಿದಿದ್ದೀನಿ? ಸ್ಟಾಪ್ ಇಲ್ದೇ ಇದ್ರೂ ನಿಲ್ಲಿಸಿ ಅಂತ ನಮ್ಮತ್ರ ದಿನಾ ಜಗಳ ಆಡ್ತಾರೆ ಜನ," ಎಂದು ನಗಲು ಹೋಗಿ ನೋವಿಗೆ ಹಲ್ಲು ಕಚ್ಚಿದ.

ನಾನು ವಾರ್ಡಿನಿಂದ ನೇರ ಕೋಣೆಗೆ ಬಂದು ಪುಸ್ತಕ ತೆರೆದು ಬರೆದೆ: "ಬಳೆ ಎಲ್ಲಿಂದ ಬಂತು ಎಂದು ವಿಚಾರಿಸದೆ ಕೊಕ್ಕೆಗೆ ಹಾಕಿದೆ. ಕೊಕ್ಕೆ ನೋಡಿ ದಾರಿ ಕೊಟ್ಟೆ." ಸಹಿ ಮಾಡಿದೆ. ಚಾಚಾ ಬಂದು ಓದಿ, "ಹೊತ್ತು ಬರೆದಿಲ್ಲ," ಎಂದರು. ಅದನ್ನೂ ಬರೆಸಿದರು. ಅದರ ಕೆಳಗೆ ಹೊಸ ನಿಯಮವೊಂದನ್ನು ಸೇರಿಸಿದರು: ದಾರಿ ಕೊಟ್ಟವರೇ ಇಳಿಸಬೇಕು, ಇಳಿಯುವವರೆಗೆ ಬಳೆ ಮೈಮೇಲಿಂದ ತೆಗೆಯಬಾರದು, ಜಾಗ ಬಿಟ್ಟು ಏಳಬಾರದು.

ಆಡಳಿತಾಧಿಕಾರಿಗೆ ಸುದ್ದಿ ಮುಟ್ಟಿ, ಆಸ್ಪತ್ರೆಗೆ ಕೆಟ್ಟ ಹೆಸರು, ಆ ಪುಟ ಹರಿದುಹಾಕಿ ಎಂದರು. ಚಾಚಾ ಪುಸ್ತಕವನ್ನು ಎದೆಗೆ ಅವುಚಿಕೊಂಡರು. "ರೈಲ್ವೇಲಿ ಪುಟ ಹರಿದೋನ್ನ ಕೆಲಸದಿಂದ ತೆಗೀತಿದ್ರು ಸಾರ್. ನೀವು ಹರೀದೇ ಇದ್ದೋನ್ನ ತೆಗೀತೀರ," ಎಂದರು. ತೆಗೆದೇ ಬಿಟ್ಟರು. ವಯಸ್ಸಾಯಿತು ಎಂದು ಕಾಗದ ಕೊಟ್ಟರು. ನನ್ನನ್ನೂ ತೆಗೆಯುತ್ತಿದ್ದರು, ಎಕ್ಸ್‌ಚೇಂಜ್ ಗೊತ್ತಿದ್ದ ಇನ್ನೊಬ್ಬರು ಸಿಗದೆ ಉಳಿದೆ. ಪುಟ ಮಾತ್ರ ಹರಿಯಲಾಗಲಿಲ್ಲ. ಅವತ್ತು ಬೈದಿದ್ದ ಪೈಲಟ್ ಅದನ್ನು ಆಗಲೇ ಜೆರಾಕ್ಸ್ ಮಾಡಿಸಿ ಎರಡೂ ಕಂಪನಿಗಳಿಗೆ ಕೊಟ್ಟಿದ್ದ. ಅಂದಿನಿಂದ ಅವರು ಹೊರಡುವ ಮೊದಲು ಒಬ್ಬರಿಗೊಬ್ಬರು ಫೋನ್ ಮಾಡುವುದನ್ನು ಕಲಿತರು.

ಚಾಚಾ ಶಿಡ್ಲಘಟ್ಟದ ಮನೆಯಲ್ಲಿ ಮೂರು ವರ್ಷ ಇದ್ದರು. ಹಬ್ಬಕ್ಕೆ ಹೋದಾಗಲೆಲ್ಲ, "ಎಷ್ಟು ಬಂದ್ವು? ಎಲ್ಲಿಂದ?" ಎಂದು ಕೇಳುತ್ತಿದ್ದರು. ಕೊನೆಯ ಸಲ ಹೋದಾಗ ಎದ್ದು ಕೂರಲು ಆಗುತ್ತಿರಲಿಲ್ಲ. ಕೈ ಹಿಡಿದುಕೊಂಡು ಬಹಳ ಹೊತ್ತು ಬಿಡಲಿಲ್ಲ.

ಅವರು ಹೋದ ಸುದ್ದಿ ಒಂದು ಮಧ್ಯಾಹ್ನ ನನ್ನ ಎಕ್ಸ್‌ಚೇಂಜಿಗೇ ಬಂತು. ಅವರ ಮಗ ಫೋನ್ ಮಾಡಿದ್ದ, ಸಂಜೆಯ ನಮಾಜಿಗೆ ಮೊದಲೇ ಮಣ್ಣು ಮಾಡುತ್ತೇವೆ, ಈಗಲೇ ಹೊರಟರೆ ಮುಖ ನೋಡಲು ಸಿಗುತ್ತದೆ ಎಂದ. ಹತ್ತು ನಿಮಿಷದ ಹಿಂದಷ್ಟೇ ನಾನು ಮದನಪಲ್ಲಿ ಕಡೆಯ ಹೆಲಿಕಾಪ್ಟರಿಗೆ ದಾರಿ ಕೊಟ್ಟಿದ್ದೆ. ಹೆರಿಗೆಯ ಹೆಂಗಸು. ಮಳೆ ಶುರುವಾಗಿ ಅದು ತಡವಾಯಿತು. ಜೊತೆಯವಳು, "ಅಕ್ಕಾ, ನೀವು ಹೊರಡಿ, ನಾನು ನೋಡ್ಕೋತೀನಿ," ಎಂದಳು. ಒಳ್ಳೆಯ ಹುಡುಗಿ, ಕೆಲಸ ಬಲ್ಲವಳು. ನಾನು ಏಳಲಿಲ್ಲ. ಅಳುತ್ತಲೇ ರೇಡಿಯೊದಲ್ಲಿ ಮಾತಾಡಿದೆ.

ಶಿಡ್ಲಘಟ್ಟ ಮುಟ್ಟುವಾಗ ಎಲ್ಲ ಮುಗಿದು ಗಂಡಸರು ಖಬರಸ್ಥಾನದಿಂದ ವಾಪಸ್ ಬರುತ್ತಿದ್ದರು. ಮಗ ಬಾಗಿಲಲ್ಲಿ ನಿಂತು, "ಯಾಕೆ ಮೇಡಂ ಇಷ್ಟು ಲೇಟ್? ಸಾಕಷ್ಟು ಕಾದ್ವಿ," ಎಂದ. ಒಂದು ಬರೋದಿತ್ತು, ಇಳಿಸಿ ಬಂದೆ ಎಂದೆ.

ಅವನು ಪಕ್ಕಕ್ಕೆ ಸರಿದು, "ಒಳಗೆ ಬನ್ನಿ," ಎಂದ. "ಬಿಟ್ಟು ಬಂದಿದ್ರೆ ಅಬ್ಬಾ ಬೈಯೋರು."