ದೇವರ ಗೂಡಿನಿಂದ ಎಂಜಿನ್ನಿಗೆ

ಕೆಲವು ಕಾರುಗಳಲ್ಲಿ ಹೀಟರ್ ಎಂಬ ಸಾಮಾನು ಇರುತ್ತದೆಂದು ನನಗೆ ಗೊತ್ತಿತ್ತು. ಅದನ್ನು ಯಾರಾದರೂ ಹಾಕಿಕೊಳ್ಳುತ್ತಾರೆಂದು ಗೊತ್ತಿರಲಿಲ್ಲ. ಬೆಂಗಳೂರಿನಲ್ಲಿ ಚಳಿಯಾದರೆ ಜನ ಮಫ್ಲರ್ ಸುತ್ತಿಕೊಳ್ಳುತ್ತಿದ್ದರು, ಅಷ್ಟೇ. ಅರವತ್ತರ ದಶಕದ ಮೊದಲ ವರ್ಷಗಳವು. ಜಯನಗರದಲ್ಲಿ ಇನ್ನೂ ಮನೆಗಳು ಏಳುತ್ತಿದ್ದವು. ಕನಕಪುರ ರಸ್ತೆಯ ಪಕ್ಕದಲ್ಲಿ ಒಂದು ಹೊಂಗೆಮರ, ಅದರ ಕೆಳಗೆ ತಗಡಿನ ಶೆಡ್ಡು, ಅದೇ ನನ್ನ ವರ್ಕ್‌ಶಾಪು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟು, ಕಲಾಸಿಪಾಳ್ಯದಲ್ಲಿ ಹತ್ತು ವರ್ಷ ಇನ್ನೊಬ್ಬರ ಕೈಕೆಳಗೆ ದುಡಿದು ಹಾಕಿಕೊಂಡ ಶೆಡ್ಡು. ಎಂಜಿನ್ನಿನ ಸದ್ದು ಕೇಳಿದರೆ ಸಾಕು, ಕಾಯಿಲೆ ಹೇಳುತ್ತೇನೆ ಎಂಬ ಹಮ್ಮು ನನಗಿತ್ತು. ಅದನ್ನು ಹಮ್ಮು ಎನ್ನಲು ಈಗಲೂ ಮನಸ್ಸು ಒಪ್ಪುವುದಿಲ್ಲ. ಓದಿ ಬಂದದ್ದಲ್ಲ, ಬೆನ್ನು ಮುರಿದು ಬಂದದ್ದು.

ಜಯನಗರದಲ್ಲಿ ಮನೆ ಕಟ್ಟಿಸಿದ್ದ ನಿವೃತ್ತ ಅಮಲ್ದಾರರೊಬ್ಬರ ಹತ್ತಿರ ಇಂಗ್ಲೆಂಡಿನ ಕಾರಿತ್ತು. ಚಿನ್ನದ ಗಣಿಯ ಸಾಹೇಬನೊಬ್ಬ ತನ್ನ ದೇಶಕ್ಕೆ ಹೊರಡುವಾಗ ಬಿಟ್ಟುಕೊಟ್ಟದ್ದು. ಎರಡು ಬೇಸಿಗೆಯ ಹಿಂದೆ ಅದು ಕೋಣನಕುಂಟೆಯ ಹತ್ತಿರ ನೀರು ಕುದಿದು ನಿಂತಾಗ ನಾನೇ ಸರಿಮಾಡಿದ್ದೆ. ಅಂದಿನಿಂದ ಅವರು ಸಿಕ್ಕವರಿಗೆಲ್ಲ ಎಂಜಿನ್ನಿನ ಬಿಸಿ ತೋರಿಸುವ ಮುಳ್ಳನ್ನು ತೋರಿಸಿ, "ಈ ಮೇಸ್ತ್ರಿ ಕೈ ಬಿದ್ದಮೇಲೆ ನೋಡಿ, ಮುಳ್ಳು ಮೇಲಕ್ಕೇ ಏಳೋದಿಲ್ಲ" ಎನ್ನುತ್ತಿದ್ದರು. ನಾನು ಏನೂ ಕೇಳಿಸದವನಂತೆ ನಟ್ಟು ಬಿಚ್ಚುವ ಪಾನಾ ಒರೆಸುತ್ತ ನಿಲ್ಲುತ್ತಿದ್ದೆ.

ಸಂಕ್ರಾಂತಿ ಕಳೆದ ವಾರ ಅವರು ಬಂದರು. ಅಂದು ಅವರ ಮುಖದಲ್ಲಿ ಎಂದಿನ ಗೆಲುವಿರಲಿಲ್ಲ.

"ನೋಡಯ್ಯಾ, ಹೀಟರಿಂದ ಗಾಳಿ ಬರ್ತದೆ, ಬಿಸಿ ಬರ್ತಿಲ್ಲ. ಸೋಮವಾರದೊಳಗೆ ಸರಿಯಾಗ್ಬೇಕು."

"ಅದೇನ್ ಮಹಾ ಬಿಡಿ ಸ್ವಾಮಿ" ಎಂದೆ. ಎಂದದ್ದೇ ತಪ್ಪಾಯಿತು.

ಆಮೇಲೆ ಅವರು ವಿಷಯ ಹೇಳಿದರು. ಮಗಳು ಬಾಣಂತನಕ್ಕೆ ಬಂದಿದ್ದಳು. ಕೂಸು ಎಂಟನೇ ತಿಂಗಳಿಗೇ ಹುಟ್ಟಿ, ಮೂರು ತಿಂಗಳಾದರೂ ಮೈ ಹಿಡಿದಿರಲಿಲ್ಲ. ಒಮ್ಮೆ ಎದೆ ಕಟ್ಟಿ ಆಸ್ಪತ್ರೆಯಲ್ಲಿದ್ದು ಬಂದಿತ್ತು. ಅಳಿಯನಿಗೆ ಊಟಿಯ ಹತ್ತಿರ ಟೀ ತೋಟದಲ್ಲಿ ಕೆಲಸ. ಅವನ ತಾಯಿ ಹಾಸಿಗೆ ಹಿಡಿದು, ಮೊಮ್ಮಗುವಿನ ಮುಖ ನೋಡಬೇಕೆಂದು ದಿನಾ ಕೇಳುತ್ತಿದ್ದಾರಂತೆ. ಕಾಯುವ ಹಾಗಿಲ್ಲ. ಇನ್ನೊಮ್ಮೆ ಥಂಡಿ ತಗುಲಿದರೆ ತಾನೇನೂ ಹೇಳಲಾರೆ ಎಂದು ಡಾಕ್ಟರು ಅಂದಿದ್ದರು. ಜನವರಿಯಲ್ಲಿ ಆ ಘಾಟಿಯ ಮೇಲೆ ಹುಲ್ಲೆಲ್ಲ ಬೆಳ್ಳಗೆ ಹೆಪ್ಪುಗಟ್ಟಿರುತ್ತದೆ.

"ಹೀಟರ್ ಇರೋದ್ರಿಂದ್ಲೇ ಡಾಕ್ಟರು ಒಪ್ಪಿರೋದು" ಎಂದರು.

ಅವರು ಹೋದಮೇಲೆ ಬಾನೆಟ್ ಎತ್ತಿ ನಿಂತೆ. ಎದುರಿಗಿರುವುದು ಹೊಸ ಸಾಮಾನೆಂದು ಯಾರಿಗೂ ಹೇಳುವಂತಿರಲಿಲ್ಲ. ಎಂಜಿನ್ನಿನ ಬಿಸಿನೀರು ಒಂದು ರಬ್ಬರ್ ಪೈಪಿನಲ್ಲಿ ಕಾರಿನೊಳಕ್ಕೆ ಹೋಗುತ್ತದೆ, ಅಲ್ಲಿರುವ ಪುಟ್ಟ ರೇಡಿಯೇಟರನ್ನು ಕಾಯಿಸಿ ಇನ್ನೊಂದು ಪೈಪಿನಲ್ಲಿ ವಾಪಸು ಬರುತ್ತದೆ, ಫ್ಯಾನು ಆ ಬಿಸಿಯನ್ನು ಕಾಲಿನ ಕಡೆ ಊದುತ್ತದೆ. ಇಷ್ಟನ್ನು ಕೈಯಿಂದ ತಡವಿ ತಿಳಿದುಕೊಂಡೆ. ದಾರಿಯಲ್ಲೊಂದು ಹಿತ್ತಾಳೆ ನಲ್ಲಿ ತುಕ್ಕು ಕಟ್ಟಿ ಕೂತಿತ್ತು. ಬಿಚ್ಚಿ ಉಜ್ಜಿದೆ. ಪೈಪುಗಳನ್ನು ಕಿತ್ತು ಊದಿದೆ, ಕೆಂಪು ರಾಡಿ ಬಂತು. ಹೊಸ ನೀರು ತುಂಬಿ, ಸೇರಿಕೊಂಡಿದ್ದ ಗಾಳಿ ಬಿಟ್ಟು, ಮಟಮಟ ಮಧ್ಯಾಹ್ನ ಶೆಡ್ಡಿನಲ್ಲೇ ಅರ್ಧ ಗಂಟೆ ಎಂಜಿನ್ ಓಡಿಸಿದೆ. ಬೆಚ್ಚನೆಯ ಗಾಳಿ ಬಂತು! ಅವರಿಗೆ ಹೇಳಿಕಳಿಸಿದೆ. "ಕೈ ಇಡಿ ಸ್ವಾಮಿ" ಎಂದು ಅವರ ಕೈ ಹಿಡಿದು ಅಲ್ಲಿಟ್ಟೆ.

ಮಾರನೆಯ ದಿನ ಶನಿವಾರ. ಬೆಳಗಿನ ಮಂಜು ಇನ್ನೂ ಇರುವಾಗಲೇ ಅವರು ಕಾರು ತಂದು ನಿಲ್ಲಿಸಿದರು. ಹಿಂದಿನ ಸೀಟಿನಲ್ಲಿ ಅವರ ಹೆಂಡತಿ, ಮೊಣಕಾಲ ಮೇಲೆ ಶಾಲು.

"ತಲಘಟ್ಟಪುರದವರೆಗೂ ಹೋಗಿಬಂದ್ವಿ. ನನ್ನ ಕಾಲು ಮಂಜುಗಡ್ಡೆ ಆಗಿದೆ. ನಿಂತಾಗ ಬಿಸಿ, ಓಡಿದ್ರೆ ತಣ್ಣಗೆ. ಇದೇನು ಮೇಸ್ತ್ರಿ, ನಮ್ಮನೆಯವರ ಕೋಪದ ಹಾಗೆ?" ಎಂದರು ಆಕೆ.

ನಗಬೇಕಾಗಿತ್ತು. ನಗು ಬರಲಿಲ್ಲ. ಪಕ್ಕದಲ್ಲಿ ಮಗಳೂ ಇದ್ದಳು, ಮಡಿಲಿನಲ್ಲಿ ಉಣ್ಣೆಯ ಗಂಟು. ಬಿಸಿ ಬಂದೇ ಬರುತ್ತದೆಂದು ನನ್ನ ಮಾತು ನಂಬಿ ಕೂಸನ್ನೂ ಕರೆದೊಯ್ದಿದ್ದರು. ಗಂಟಿನೊಳಗಿಂದ ಸಣ್ಣಗೆ ಒಂದು ಕೆಮ್ಮು ಬಂತು. ಒಂದೇ ಒಂದು. ಅವರನ್ನು ಮನೆಗೆ ಬಿಟ್ಟು ಕಾರು ವಾಪಸು ತಂದೆ.

ಎಂಜಿನ್ ಪೂರ್ತಿ ಆರುವವರೆಗೆ ಕಾದು, ಮತ್ತೆ ಚಾಲೂ ಮಾಡಿ ಒಂದೊಂದೇ ಪೈಪನ್ನು ಮುಟ್ಟುತ್ತ ಬಂದೆ. ಹೀಟರಿನ ಪೈಪು ಬೆಚ್ಚಗಾಗುವ ಹೊತ್ತಿಗೇ ದೊಡ್ಡ ರೇಡಿಯೇಟರಿನ ಮೇಲಿನ ಪೈಪೂ ಬೆಚ್ಚಗಾಯಿತು. ಆಗಬಾರದು. ನೀರು ಚೆನ್ನಾಗಿ ಕಾಯುವವರೆಗೆ ಅದನ್ನು ರೇಡಿಯೇಟರಿಗೆ ಬಿಡದೆ ತಡೆಯಲು ಒಂದು ಬಾಗಿಲಿರುತ್ತದೆ. ಹಿತ್ತಾಳೆಯದು, ಲಿಂಬೆಹಣ್ಣಿನ ಗಾತ್ರದ್ದು, ಥರ್ಮೋಸ್ಟಾಟ್ ಅಂತ ಹೆಸರು. ಈ ಕಾರಿನಲ್ಲಿ ಆ ಬಾಗಿಲು ಇರಲಿಲ್ಲ. ಕಾರು ಓಡಿದೊಡನೆ ನೀರೆಲ್ಲ ರೇಡಿಯೇಟರಿನಲ್ಲಿ ಎದುರುಗಾಳಿಗೆ ಆರಿ, ಹೀಟರಿಗೂ ತಣ್ಣಗೇ ಹೋಗುತ್ತಿತ್ತು. ಯಾಕೆಂದರೆ ಎರಡು ಬೇಸಿಗೆಯ ಹಿಂದೆ ಅದನ್ನು ಕಿತ್ತವನು ನಾನು.

ನಾನೊಬ್ಬನೇ ಅಲ್ಲ, ಆಗ ನಮ್ಮ ಕಡೆಯ ಮೇಸ್ತ್ರಿಗಳೆಲ್ಲ ಹಾಗೇ ಮಾಡುತ್ತಿದ್ದೆವು. ಕಾರು ಕುದಿಯಿತೆಂದರೆ ಮೊದಲು ಅದನ್ನು ಕಿತ್ತು ಎಸೆಯುವುದು. ಚಳಿದೇಶದವರಿಗೆ ಬೇಕಾದದ್ದು, ನಮಗ್ಯಾತಕ್ಕೆ? ಮುಳ್ಳು ಮೇಲೇಳದಿದ್ದುದಕ್ಕೆ ಅದೇ ಕಾರಣ. ಊರಲ್ಲೆಲ್ಲ ಹೊಗಳಿಸಿಕೊಂಡ ಕೆಲಸವೇ ಈಗ ಆ ಕೂಸಿನ ಕಾಲಿಗೆ ತಣ್ಣನೆಯ ಗಾಳಿ ಊದುತ್ತಿತ್ತು.

ಕಿತ್ತದ್ದು ಎಲ್ಲಿ ಹೋಯಿತು? ಶೆಡ್ಡಿನ ಡಬ್ಬಗಳನ್ನೆಲ್ಲ ಮಗುಚಿದೆ. ಇಂಗ್ಲೆಂಡಿನ ಸಾಮಾನು, ಎರಡು ದಿನದಲ್ಲಿ ಇನ್ನೊಂದು ಸಿಗುವ ಮಾತೇ ಇಲ್ಲ. ಶ್ರೀನಗರ ಬಡಾವಣೆಯ ನಮ್ಮ ಮನೆಗೆ ಬಂದು ಪೆಟ್ಟಿಗೆಗಳನ್ನು ಕೆದಕುತ್ತಿದ್ದೆ.

ನನ್ನ ಹೆಂಡತಿ ಅಡಿಗೆಮನೆಯಿಂದ ಬಂದು, ಏನು ಹುಡುಕುತ್ತಿದ್ದೇನೆಂದು ಕೇಳಿ ತಿಳಿದವಳು, "ಹಿತ್ತಾಳೇದಾ? ತೂತು ಇರೋದಾ? ದೇವರ ಗೂಡಲ್ಲಿ ಐತಲ್ಲ" ಎಂದಳು. ಒಗೆಯುವಾಗ ನನ್ನ ಷರಟಿನ ಜೇಬಿನಲ್ಲಿ ಸಿಕ್ಕದ್ದನ್ನು ತೆಗೆದಿಟ್ಟು, ಎರಡು ವರ್ಷದಿಂದ ಅದಕ್ಕೆ ಊದುಬತ್ತಿ ಸಿಗಿಸುತ್ತಿದ್ದಳು. ನಾನು ದಿನಾ ಅದರ ಮುಂದೆಯೇ ಕೈಮುಗಿದಿದ್ದೆ.

"ದೇವರ ಮುಂದೆ ಇರೋದನ್ನ ತಗೊಂಡೋಗಿ ಕಾರಿಗೆ ಹಾಕ್ತೀರಾ?"

"ಕಾರಿಂದೇ ಕಣೇ ಅದು. ಹಂಡೆಗೆ ಉರಿ ಹಾಕು, ನೀರು ಕಾಯ್ಲಿ."

ಬಚ್ಚಲಿನಲ್ಲಿ ಕೂತು, ಅದಕ್ಕೆ ದಾರ ಕಟ್ಟಿ ಹಂಡೆಯ ನೀರಿಗೆ ಇಳಿಬಿಟ್ಟೆ. ನೀರು ಬಿಸಿಯಾದಂತೆ ಬಾಗಿಲು ತಾನಾಗಿ ತೆರೆದುಕೊಳ್ಳಬೇಕು. ಹಬೆ ಎದ್ದಿತು, ಕೈಯಿಡಲಾರದಷ್ಟು ಬಿಸಿಯಾಯಿತು. ತೆರೆಯಲಿಲ್ಲ. ಮೇಲೆತ್ತಿ ನೋಡಿದರೆ ಸಂದಿಯಲ್ಲೆಲ್ಲ ಊದುಬತ್ತಿಯ ಬೂದಿ, ಎಣ್ಣೆಯ ಜಿಡ್ಡು. ಹೆಂಡತಿ ತಾನೇ ಇಸಿದುಕೊಂಡು, ದೀಪದ ಕಂಬ ಬೆಳಗುವ ಹಾಗೆ ಹುಣಸೆಹಣ್ಣು ಹಾಕಿ ತಿಕ್ಕಿಕೊಟ್ಟಳು. ಮತ್ತೆ ಇಳಿಬಿಟ್ಟೆ. ಮೆಲ್ಲಗೆ, ಹೂವಿನಂತೆ ಅಲ್ಲ, ಮುದುಕನ ಬಾಯಂತೆ ತೆರೆಯಿತು. ತಣ್ಣೀರಿಗೆ ಹಾಕಿದರೆ ಮುಚ್ಚಿತು. ಹನ್ನೊಂದು ಸಲ ಮಾಡಿದೆ, ಹನ್ನೊಂದು ಸಲವೂ ತೆರೆಯಿತು.

ಆದರೆ ಮೊದಲ ಸಲ ತೆರೆದಿರಲಿಲ್ಲ. ಅದೇ ತಲೆಯಲ್ಲಿ ಕೂತುಬಿಟ್ಟಿತು. ಘಾಟಿ ಹತ್ತುವಾಗ ಮತ್ತೆ ಕಚ್ಚಿಕೊಂಡರೆ? ನೀರು ಕುದಿದು ಕಾರು ನಿಲ್ಲುತ್ತದೆ. ಹಾಕದಿದ್ದರೆ ಕೂಸಿಗೆ ಥಂಡಿ. ಹಾಕಿದಮೇಲೆ ಕೈಕೊಟ್ಟರೆ ಕಾಡಿನ ನಡುವೆ, ಹಿಮದಲ್ಲಿ, ನಿಂತ ಕಾರಿನೊಳಗೆ ಕೂಸು. ಸುಮ್ಮನೆ ಹಾಕಿ "ಆಯ್ತು ಸ್ವಾಮಿ" ಅಂದುಬಿಡಬಹುದಾಗಿತ್ತು. ಯಾರಿಗೂ ತಿಳಿಯುತ್ತಿರಲಿಲ್ಲ. ಶುಕ್ರವಾರ ಹಾಗೇ ಅಂದಿದ್ದೆ, ಕೂಸು ಕೆಮ್ಮಿತ್ತು.

ಭಾನುವಾರ ಅದನ್ನು ಜೋಡಿಸಿ ಅವರ ಮನೆಗೆ ಹೋದೆ. ಗೇಟಿನ ಹತ್ತಿರವೇ ನಿಂತು ಹೇಳಿದೆ.

"ಸ್ವಾಮಿ, ಹೀಟರು ಕೆಟ್ಟಿರ್ಲಿಲ್ಲ. ಕೆಡಿಸಿದ್ದು ನಾನು." ಎಲ್ಲವನ್ನೂ ಹೇಳಿದೆ, ಹಂಡೆಯಲ್ಲಿ ಮೊದಲ ಸಲ ತೆರೆಯದೇ ಇದ್ದದ್ದನ್ನೂ. "ದಾರೀಲಿ ಕಚ್ಕೊಂಡ್ರೆ ಬಿಚ್ಚಿ ತೆಗೆಯೋಕೆ ಕೈ ಬೇಕು. ನಾನೂ ಬರ್ತೀನಿ."

ಅವರು, "ಎರಡು ವರ್ಷ ಊರಿಗೆಲ್ಲ ಆ ಮುಳ್ಳು ತೋರಿಸ್ಕೊಂಡು ತಿರುಗಿದೆನಲ್ಲಯ್ಯಾ!" ಎಂದರು.

ಒಳಗಿಂದ ಅವರ ಹೆಂಡತಿಯ ದನಿ ಬಂತು. "ಬರ್ಲಿ ಬಿಡಿ. ಕೆಡಿಸ್ದೋನು ಜೊತೇಲಿದ್ರೆ ನಮಗೂ ಧೈರ್ಯ. ತಿಂಡಿ ಅವನಿಗೂ ಸೇರಿಸಿ ಕಟ್ತೀನಿ."

ಸೋಮವಾರ ಬಂಡೀಪುರ ದಾಟಿ, ಗೂಡಲೂರಿನಿಂದ ಘಾಟಿ ಹತ್ತಿದೆವು. ಅವರು ಓಡಿಸುತ್ತಿದ್ದರು, ನಾನು ಪಕ್ಕದಲ್ಲಿ, ತೊಡೆಯ ಮೇಲೆ ಪಾನಾಗಳ ಚೀಲ, ಕಾಲಬಳಿ ನೀರಿನ ಡಬ್ಬ. ಹೊರಗೆ ಏನಿತ್ತೋ ನಾನು ಕಾಣೆ. ಮುಳ್ಳೊಂದನ್ನೇ ನೋಡುತ್ತಿದ್ದೆ. ಒಂದು ತಿರುವಿನಲ್ಲಿ ಅದು ಎಂದೂ ಏರದಷ್ಟು ಮೇಲೇರಿತು. ಇನ್ನೂ ಏರಿತು. "ನಿಲ್ಲಿಸ್ಲಾ?" ಎಂದು ಅವರು ಪಿಸುಗುಟ್ಟಿದರು. ನಾನು ಪಾನಾಗಳ ಚೀಲ ಬಿಚ್ಚಿದೆ. ಆಗ ಮುಳ್ಳು ಸ್ವಲ್ಪ ನಡುಗಿ, ಕೂದಲೆಳೆಯಷ್ಟು ಕೆಳಗಿಳಿದು ನಿಂತಿತು. ಬಾಗಿಲು ತೆರೆದಿತ್ತು.

ಗಾಜಿನ ಹೊರಗೆಲ್ಲ ಇಬ್ಬನಿ ಕಟ್ಟಿತ್ತು. ಹಿಂದಿನಿಂದ ಮಗಳು ಗಂಟು ಬಿಚ್ಚಿ ಕೂಸಿನ ಪಾದವನ್ನು ಮುಂದಕ್ಕೆ ಚಾಚಿದಳು. "ಮುಟ್ಟಿ ನೋಡಿ ಮೇಸ್ತ್ರಿ." ನಾನು ಕೈಯನ್ನು ಷರಟಿಗೆ ಮೂರು ಸಲ ಒರೆಸಿಕೊಂಡೆ. ಪಾದ ಬೆಚ್ಚಗಿತ್ತು.

ಹೆಂಗಸರನ್ನೂ ಕೂಸನ್ನೂ ತೋಟದ ಮನೆಯಲ್ಲಿ ಬಿಟ್ಟು, ಮಾರನೆಯ ದಿನ ಅಮಲ್ದಾರರೂ ನಾನೂ ಇಬ್ಬರೇ ಕೆಳಗಿಳಿದೆವು. ಬಂಡೀಪುರದ ಬಿಸಿಲಿನಲ್ಲಿ ಅವರು ಕೋಟು ಬಿಚ್ಚಿದರು, ಆಮೇಲೆ ಟೈ ಬಿಚ್ಚಿದರು.

"ಈಗ್ಲಾದ್ರೂ ನಿಲ್ಸಯ್ಯಾ ಅದನ್ನ, ಬೇಯ್ತಿದೀನಿ."

ಹೀಟರಿನ ನಲ್ಲಿ ತಿರುಗಿಸುವ ಗುಂಡಿಯ ಕಡೆ ಕೈ ಚಾಚಿದೆ. ಮುಳ್ಳನ್ನು ನೋಡಿದೆ. ಕೈ ವಾಪಸು ತೆಗೆದುಕೊಂಡೆ. "ಸರಿಯಾಗಿ ನಡೀತಿರೋದನ್ನ ಮುಟ್ಟೋದು ಬೇಡ ಸ್ವಾಮಿ, ಬೆಂಗಳೂರಿಗೆ ಹೋಗಿ ನೋಡೋಣ" ಎಂದೆ.

ಜಯನಗರ ಮುಟ್ಟುವವರೆಗೂ ಇಬ್ಬರೂ ಬೆವರು ಒರೆಸಿಕೊಳ್ಳುತ್ತಲೇ ಬಂದೆವು.