ಯಾರೂ ಇಲ್ಲದ ಊರಿನ ಕೆಂಪಾಜಮ್ಮ

ನಂಜನಗೂಡಿನ ಬಸ್ ಸ್ಟ್ಯಾಂಡಿನ ಎದುರಿಗೆ ನನ್ನದೊಂದು ಟೈಲರಿಂಗ್ ಅಂಗಡಿ ಇದೆ. ಅಲ್ಲಿಗೆ ಕೆಂಪಾಜಮ್ಮ ದಿನಾ ಬರುತ್ತಿದ್ದಳು. ಬಟ್ಟೆ ಹೊಲಿಸುವುದಕ್ಕಲ್ಲ. ಬೆಳಗಿನ ಬಸ್ಸಿಗೆ ಬಂದು, ಸ್ಟೂಲಿನ ಮೇಲೆ ಕೂತು, ನಾನು ಹೊಲಿದ ಬ್ಲೌಸುಗಳಿಗೆ ಹುಕ್ಸು ಹಾಕಿ, ಮಧ್ಯಾಹ್ನದ ಬಸ್ಸಿಗೆ ವಾಪಸ್ ಹೋಗುತ್ತಿದ್ದಳು. ಪೇಟೆಯಲ್ಲಿ ಅವಳಿಗೆ ಬೇರೇನೂ ಕೆಲಸವಿರಲಿಲ್ಲ. ಬಸ್ಸಿನಲ್ಲಿ ಓಡಾಡುವುದೇ ಅವಳ ಕೆಲಸ. ಹತ್ತುವವರು ಒಬ್ಬರಾದರೂ ಇದ್ದರೆ ಊರಿಗೆ ಬಸ್ಸು ಬರುವುದು ನಿಲ್ಲುವುದಿಲ್ಲ ಎಂದು ಅವಳ ಲೆಕ್ಕ.

ಅವಳ ಊರು ಮೈನ್ಸ್ ಕಾಲೋನಿ. ತಗಡೂರಿನ ಕಡೆ ಹೋಗುವಾಗ ಎಡಕ್ಕೆ ಒಂದು ಮಣ್ಣುದಾರಿ ಒಡೆಯುತ್ತದೆ, ಅದರ ಕೊನೆಗಿದೆ. ನಾನು ಹುಟ್ಟಿದ್ದೂ ಅಲ್ಲೇ. ನಮ್ಮಪ್ಪ ಬಸವಯ್ಯ ಕ್ರೋಮ್ ಗಣಿಯ ಟೈಮ್ ಆಫೀಸಿನಲ್ಲಿದ್ದರು. ಶಿಫ್ಟಿನ ಸೈರನ್ ಕೂಗಿಸುವುದು ಅವರ ಕೆಲಸ, ಆ ಸೈರನ್ ಕೇಳಿಯೇ ಸುತ್ತಲಿನ ಹಳ್ಳಿಯವರು ಒಲೆ ಹಚ್ಚುತ್ತಿದ್ದರು. ಕಾಲೋನಿಯಲ್ಲಿ ಸಾಲು ಸಾಲು ಲೈನ್ ಮನೆಗಳು, ಡಿಸ್ಪೆನ್ಸರಿ, ಕ್ಯಾಂಟೀನು, ಭಜನೆ ಮನೆ ಎಲ್ಲ ಇದ್ದವು. ಇಪ್ಪತ್ತು ವರ್ಷಕ್ಕೂ ಹಿಂದೆ ಕಂಪನಿ ಬಾಗಿಲು ಹಾಕಿತು. ಹಾಕಿದ್ದು ಅವರ ಬಾಗಿಲು. ನಮ್ಮ ಬಾಗಿಲುಗಳನ್ನು ನಾವೇ ಕಿತ್ತುಕೊಂಡು ಹೋದೆವು. ಬಾಕಿ ಸಂಬಳ ಬರುವ ಹಾಗಿರಲಿಲ್ಲ, ಕದ, ಕಿಟಕಿ, ಹೆಂಚು, ಕೈಗೆ ಸಿಕ್ಕಿದ್ದೇ ಬಂತು. ನಮ್ಮ ಮನೆಯ ಮುಂಬಾಗಿಲು ಇವತ್ತಿಗೂ ನಮ್ಮಣ್ಣನ ಮನೆಯ ಬಚ್ಚಲಿಗೆ ಹಾಕಿದೆ. ಗಣಿಯ ಹಳ್ಳದಲ್ಲಿ ಹಸಿರು ನೀರು ತುಂಬಿತು, ಲೈನ್ ಮನೆಗಳಲ್ಲಿ ಲಂಟಾನ ಬೆಳೆಯಿತು.

ಕೆಂಪಾಜಮ್ಮ ಮತ್ತು ಅವಳ ಗಂಡ ಬೆಟ್ಟಸ್ವಾಮಿ ಮಾತ್ರ ಬಾಗಿಲು ಕೀಳಲಿಲ್ಲ. ಬೆಟ್ಟಸ್ವಾಮಿ ಗಣಿಯಲ್ಲಿ ಡ್ರಿಲ್ಲಿಂಗ್ ಮಾಡುತ್ತಿದ್ದವನು. ಕಲ್ಲಿನ ಧೂಳು ಕುಡಿದು ಕುಡಿದು ಎದೆ ಹಾಳಾಗಿತ್ತು. ಒಮ್ಮೆ ನಂಜನಗೂಡಿನಲ್ಲಿ ಬಾಡಿಗೆ ಮನೆ ಹಿಡಿದು ನೋಡಿದರು. ಪಕ್ಕದಲ್ಲೇ ಅಕ್ಕಿ ಗಿರಣಿ. ಹೊಟ್ಟಿನ ಧೂಳಿಗೆ ಮನುಷ್ಯ ಹಗಲೂ ರಾತ್ರಿ ಕೂತೇ ಇದ್ದ, ಮಲಗಲಿಲ್ಲ. ಹಾಗಾಗಿ ನಾಲ್ಕು ಮೇಕೆ ಕಟ್ಟಿಕೊಂಡು ವಾಪಸ್ ಕಾಲೋನಿಗೇ ಹೋದರು. ಮಕ್ಕಳಿರಲಿಲ್ಲ, ಕರೆಯುವವರೂ ಇರಲಿಲ್ಲ, ಬೇಡ ಅನ್ನುವವರೂ ಇರಲಿಲ್ಲ.

ತಿಂಗಳಿಗೆರಡು ಸಲ ಅವನನ್ನು ಆಸ್ಪತ್ರೆಗೆ ಕರೆತರಬೇಕು. ಉಸಿರು ಕಟ್ಟಿದಾಗ ತಕ್ಷಣ ತರಬೇಕು. ಅದಕ್ಕೆ ಬಸ್ಸು ಬೇಕು. ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಫ್ರೀ, ನಿಜ. ಆದರೆ ಸರ್ಕಾರಿ ಬಸ್ಸು ಮೈನ್ಸ್ ಕಡೆ ತಲೆ ಹಾಕಿಯೂ ಮಲಗುವುದಿಲ್ಲ. ಗಣಿ ಇದ್ದ ಕಾಲದಿಂದ ಒಳಗೆ ಬರುತ್ತಿದ್ದುದು ಸೋಮಶೇಖರ್ ಸಾಹುಕಾರರ ಪ್ರೈವೇಟ್ ಬಸ್ಸು ಒಂದೇ. ಟಿಕೆಟ್ ಇದ್ದರೆ ಮೈನ್ಸ್ ಗೇಟಿಗೆ ತಿರುಗಿಸಿ, ಇಲ್ಲದಿದ್ದರೆ ನೇರ ಹೊಡೆಯಿರಿ ಎಂದು ಅವರು ಹೇಳಿದ್ದರಂತೆ. ಅದಕ್ಕೇ ಇವಳು ದಿನಾ ಟಿಕೆಟ್ ತೆಗೆಯುತ್ತಿದ್ದಳು. ಹುಕ್ಸಿನ ಕೂಲಿ ಪೂರ್ತಿ ಬಸ್ಸಿಗೇ ಹೋಗುತ್ತಿತ್ತು.

ಕಂಡಕ್ಟರ್ ಮಹಾದೇವಸ್ವಾಮಿ ಅವಳನ್ನು ರೇಗಿಸದೆ ಒಂದು ದಿನವೂ ಬಿಡುತ್ತಿರಲಿಲ್ಲ.

"ಏನ್ ಕೆಂಪಾಜಮ್ಮ, ಇವತ್ತು ಯಾವ್ ಮೀಟಿಂಗು?"

"ಡೀಸಿ ಸಾಯೇಬ್ರು ಕರೆಸವ್ರೆ ಕಣಪ್ಪ. ಓಗ್ದೆ ಇದ್ರೆ ಬೇಜಾರ್ ಮಾಡ್ಕತರೆ."

ಹೀಗೆ ನಡೆಯುತ್ತಿತ್ತು. ಇನ್ನೂ ಕೆಲವು ವರ್ಷ ನಡೆಯುತ್ತಿತ್ತೋ ಏನೋ. ಅಷ್ಟರಲ್ಲಿ ಆ ಮೂವರು ಕಾಲೋನಿಗೆ ಬಂದರು.

ಮೈಸೂರಿನ ಮಕ್ಕಳು. ಮದನ್, ರಘು, ಪಲ್ಲವಿ. ಹಾಳು ಜಾಗಗಳನ್ನು ಹುಡುಕಿಕೊಂಡು ಹೋಗಿ ವಿಡಿಯೋ ಮಾಡುವುದು ಅವರ ಹವ್ಯಾಸ. ಮಾರನೆಯ ದಿನ ಹುಕ್ಸು ಹಾಕುತ್ತಾ ಕೆಂಪಾಜಕ್ಕ ಅವರ ಸುದ್ದಿಯನ್ನು ಬಾಯ್ತುಂಬ ಹೇಳಿದಳು. ಅಮೆರಿಕದ ಮರಳುಗಾಡಿನಲ್ಲಿ ಇಂಥವೇ ಗಣಿ ಊರುಗಳಿವೆಯಂತೆ. ಚಿನ್ನ, ಬೆಳ್ಳಿ ಮುಗಿದ ಮೇಲೆ ಜನ ಮೇಜಿನ ಮೇಲೆ ತಟ್ಟೆ ಲೋಟ ಇಟ್ಟದ್ದು ಇಟ್ಟ ಹಾಗೇ ಬಿಟ್ಟು ಹೋದರಂತೆ. ಈಗ ಪ್ರಪಂಚದವರೆಲ್ಲ ಅದನ್ನು ದುಡ್ಡು ಕೊಟ್ಟು ನೋಡುತ್ತಾರಂತೆ. ಮದನ್ ತನ್ನ ಫೋನಿನಲ್ಲಿ ಆ ಊರುಗಳನ್ನೆಲ್ಲ ಅವಳಿಗೆ ತೋರಿಸಿದ್ದ.

"ತಟ್ಟೆ ಲೋಟನೂ ಬುಟ್ಟೋಗವ್ರೆ ಅಂದ್ರೆ ಎಂಥಾ ಅನುಕೂಲಸ್ತರಿರ್ಬೇಕು ಕಣವ್ವ! ನಮ್ಮೋರು ನೋಡು, ಕದನೂ ಬುಡ್ನಿಲ್ಲ" ಎಂದು ನಕ್ಕಳು.

ಅವರಿಗೆ ಟೀ ಮಾಡಿಕೊಟ್ಟಿದ್ದಳು. ಟೀ ಕುಡಿದ ಮೇಲೆ ಪಲ್ಲವಿ ಬಹಳ ಮರ್ಯಾದೆಯಿಂದ ಕೇಳಿದಳಂತೆ, ಅಮ್ಮಾ, ಆ ಹಗ್ಗದ ಮೇಲಿರುವ ಬಟ್ಟೆ ಸ್ವಲ್ಪ ತೆಗೆಯುತ್ತೀರಾ? ತೆಗೆದಳು. ಮೇಕೆಗಳನ್ನು ಹಿಂದೆ ಕಟ್ಟುತ್ತೀರಾ? ಕಟ್ಟಿದಳು. ಆಮೇಲೆ ಮದನ್ ಹೊಸ್ತಿಲ ಮುಂದೆ ನಿಂತು, "ಅಮ್ಮಾ, ಈ ರಂಗೋಲಿ ಒಂದು ಇದ್ರೆ ಯಾರೋ ಇದಾರೆ ಅಂತ ಗೊತ್ತಾಗಿಬಿಡುತ್ತೆ" ಅಂದನಂತೆ.

ನಾನು ಕತ್ತರಿ ಕೆಳಗಿಟ್ಟೆ. "ಅಳಿಸಿದ್ಯಾ ಅಕ್ಕ?"

ಅವಳು ಸೂಜಿಗೆ ದಾರ ಪೋಣಿಸುವುದರಲ್ಲಿ ಮುಳುಗಿದಳು.

ನಮ್ಮ ಕಡೆ ಬೆಳಗಾದ ಮೇಲೂ ಹೊಸ್ತಿಲ ಮುಂದೆ ರಂಗೋಲಿ ಇಲ್ಲದಿದ್ದರೆ ದಾರಿಯಲ್ಲಿ ಹೋಗುವವರು ಒಂದು ಗಳಿಗೆ ನಿಂತು, ಈ ಮನೆಯಲ್ಲಿ ಯಾರು ತೀರಿಕೊಂಡರು ಎಂದು ಕೇಳುತ್ತಾರೆ. ಸಾವಾದ ಮನೆಯವರು ಮಾತ್ರ ರಂಗೋಲಿ ಹಾಕುವುದಿಲ್ಲ. ಒಳಗೆ ಗಂಡ ಉಸಿರಿಗೆ ಒದ್ದಾಡುತ್ತಾ ಮಲಗಿರುವಾಗ ಇವಳು ತನ್ನ ಕೈಯಾರೆ ಒದ್ದೆ ಬಟ್ಟೆಯಲ್ಲಿ ರಂಗೋಲಿ ಒರೆಸಿದ್ದಳು. ನನಗೆ ಮೈಯೆಲ್ಲ ಉರಿದು ಹೋಯಿತು.

"ಬುದ್ಧಿ ಇದೆಯಾ ನಿಂಗೆ? ಯಾರೋ ಬಂದು ಒರೆಸು ಅಂದ್ರೆ ಒರೆಸಿಬಿಡೋದಾ?"

"ನಾನೂ ಇಂದೆ ಮುಂದೆ ನೋಡ್ದೆ ಕಣವ್ವ. ಆಮೇಲೆ ಜನ ಬತ್ತಾರಾ ಮಗ ಅಂತ ಕೇಳ್ದೆ. ಬರ್ತಾರಮ್ಮ, ಬಸ್ ತುಂಬ್ಕೊಂಡು ಬರ್ತಾರೆ ಅಂದ. ಬಸ್ಸಿಗೆ ಜನ ಆಯ್ತರೆ ಅಂದ್ಕಂಡೆ." ಹುಕ್ಸು ಹಾಕುತ್ತಲೇ ಮುಂದುವರಿಸಿದಳು. "ಸದ್ದು ಮಾಡಬ್ಯಾಡಿ ಅಂದ್ರು. ನಮ್ಮನೆಯವ್ರಿಗೆ ಕೆಮ್ಮು ಬಂದ್ಬುಡ್ತು. ಸೆರಗ ಅವ್ರ ಬಾಯಿಗೆ ಅಡ್ಡ ಇಡ್ಕಂಡು ಕೂತಿದ್ದೆ."

ಬೈಯುವುದರಲ್ಲಿ ನನ್ನ ಬಾಯಿ ದೊಡ್ಡದು ಎಂದು ಬಸ್ ಸ್ಟ್ಯಾಂಡಿಗೆಲ್ಲ ಗೊತ್ತು. ಅವತ್ತು ಕತ್ತರಿ ಎತ್ತಿಕೊಂಡು ಬಟ್ಟೆ ಕತ್ತರಿಸತೊಡಗಿದೆ.

ವಿಡಿಯೋ ಬಂತು. ಚೆನ್ನಾಗಿಯೇ ಇತ್ತು, ಸುಳ್ಳು ಯಾಕೆ ಹೇಳಲಿ. ನಮ್ಮ ಡಿಸ್ಪೆನ್ಸರಿ, ನಮ್ಮ ಭಜನೆ ಮನೆ, ಬಾಗಿಲಿಲ್ಲದ ಸಾಲು ಮನೆಗಳು. ನಾನು ಆಡಿದ ಕಟ್ಟೆಯನ್ನು ಕಂಡು ಕಣ್ಣಲ್ಲಿ ನೀರು ಬಂತು. ಕೊನೆಗೆ ಕೆಂಪಾಜಕ್ಕನ ಮನೆ. ಮುಚ್ಚಿದ ಬಾಗಿಲು, ಬೋಳು ಹೊಸ್ತಿಲು. ಇಡೀ ಊರಿನಲ್ಲಿ ಇದೊಂದು ಮನೆಗೆ ಮಾತ್ರ ಬಾಗಿಲು ಉಳಿದಿದೆ, ಯಾಕೆ ಎಂದು ಯಾರಿಗೂ ಗೊತ್ತಿಲ್ಲ ಎಂದು ಮದನ್ ಗೊಗ್ಗರು ದನಿಯಲ್ಲಿ ಹೇಳುತ್ತಿದ್ದ. ಹತ್ತು ಲಕ್ಷ ಜನ ನೋಡಿದರಂತೆ.

ಜನರೂ ಬಂದರು, ಅವನ ಮಾತು ಸುಳ್ಳಾಗಲಿಲ್ಲ. ಕಾರಿನಲ್ಲಿ ಬಂದರು, ಬೈಕಿನಲ್ಲಿ ಬಂದರು. ಬಸ್ಸಿನಲ್ಲಿ ಒಂದು ನರಪಿಳ್ಳೆಯೂ ಬರಲಿಲ್ಲ. ವಿಡಿಯೋ ನೋಡಿ ಮುಂದಿನ ಊರುಗಳ ಪ್ಯಾಸೆಂಜರುಗಳು ತಕರಾರು ತೆಗೆದರು. ದೆವ್ವದ ಊರಿಗೆ ನಮ್ಮನ್ನೇಕೆ ಸುತ್ತಿಸುತ್ತೀರಿ, ಮಕ್ಕಳು ಹೆದರುತ್ತವೆ ಎಂದರು. ಡ್ರೈವರ್ ಗೇಟಿನ ಹತ್ತಿರ ನಿಂಬೆಹಣ್ಣು ಕಟ್ಟಿಕೊಂಡು ಓಡಿಸತೊಡಗಿದ. ಒಂದು ದಿನ ಮಹಾದೇವಸ್ವಾಮಿ ಟಿಕೆಟ್ ಹರಿಯುತ್ತಾ, "ನಾಳೆಯಿಂದ ಬಸ್ಸು ಒಳೀಕ್ ಬರಲ್ಲ ಕಣವ್ವ" ಎಂದು ತಲೆ ತಗ್ಗಿಸಿಕೊಂಡು ಹೇಳಿದ. ಅವತ್ತು ರೇಗಿಸಲಿಲ್ಲ.

ನಾನೇ ಅವಳನ್ನು ಸೋಮಶೇಖರ್ ಸಾಹುಕಾರರ ಹತ್ತಿರ ಕರೆದುಕೊಂಡು ಹೋದೆ. ಕೆಟ್ಟ ಮನುಷ್ಯರಲ್ಲ. ಕೂರಿಸಿ ಮಜ್ಜಿಗೆ ತರಿಸಿದರು. ಆಮೇಲೆ ಅದೇ ವಿಡಿಯೋ ತೆಗೆದು ಅವಳ ಮುಂದಿಟ್ಟರು.

"ಅಲ್ಲಿ ಯಾರೂ ಇಲ್ಲ ಅಂತ ಲೋಕವೇ ಹೇಳ್ತಾ ಇದೆಯಲ್ಲಮ್ಮ."

"ನಾನ್ ಅಲ್ಲೇ ಇವ್ನಿ ಸಾ. ನಮ್ಮನೆಯವ್ರೂ ಅವ್ರೆ."

"ಇದು ನಿಮ್ಮನೆ ತಾನೆ? ಎಲ್ಲಿದೀರಿ ತೋರಿಸಿ ಇದ್ರಲ್ಲಿ?"

ಕೆಂಪಾಜಕ್ಕ ಬಗ್ಗಿ ಫೋನನ್ನು ನೋಡಿದಳು. ಮುಚ್ಚಿದ ಬಾಗಿಲಿನ ಮೇಲೆ ಬೆರಳಿಟ್ಟಳು.

"ಇದ್ರೊಳ್ಗೆ ಕೂತಿದ್ದೆ ಸಾ."

ಸಾಹುಕಾರರು ನಗಲಿಲ್ಲ. ಡ್ರೈವರುಗಳು ಒಪ್ಪುವುದಿಲ್ಲ, ಡೀಸೆಲ್ ರೇಟು ಹೀಗಿದೆ, ಒಬ್ಬರಿಗಾಗಿ ಹೇಗೆ ತಿರುಗಿಸಲಿ ಎಂದರು. ನಾನು ಅಲ್ಲಿ ಸಾಕಷ್ಟು ಕೂಗಾಡಿ ಬಂದೆ. ಗಂಟಲು ನೋವು ಬಂದದ್ದು ಬಿಟ್ಟರೆ ಏನೂ ಆಗಲಿಲ್ಲ.

ಅವಳು ಬರುವುದು ನಿಂತಿತು. ಮೇನ್ ರೋಡಿನವರೆಗೆ ಅವಳು ನಡೆದಾಳು, ಬೆಟ್ಟಸ್ವಾಮಿ ನಡೆಯಲಾರ. ಫೋನಿಗೆ ಅಲ್ಲಿ ಸಿಗ್ನಲ್ ಸಿಗುವುದಿಲ್ಲ, ಗಣಿಯ ಮಣ್ಣು ಸುರಿದ ದಿಬ್ಬ ಹತ್ತಬೇಕು. ಆಗೊಮ್ಮೆ ಈಗೊಮ್ಮೆ ಹತ್ತಿ ಮಾತಾಡುತ್ತಿದ್ದಳು. ಒಂದು ಭಾನುವಾರ ಮಧ್ಯಾಹ್ನ ಅವಳ ಫೋನ್ ಬಂತು. ಏದುಸಿರು ಬಿಡುತ್ತಿದ್ದಳು.

"ರುದ್ರಾಣಿ, ಆಟೋ ಕಳ್ಸವ್ವ. ಇವ್ರಿಗೆ ಉಸ್ರು ಸಿಕ್ತಿಲ್ಲ. ಕಾರ್ನೋರು ಬಂದಿದ್ರು, ಓಡೋದ್ರು."

ಕಾರಿನವರು ಯಾಕೆ ಓಡಿದರು ಎಂದು ನನಗೆ ಆಗ ಅರ್ಥವಾಗಲಿಲ್ಲ, ಕೇಳುವಷ್ಟು ಹೊತ್ತೂ ಇರಲಿಲ್ಲ. ಬಸ್ ಸ್ಟ್ಯಾಂಡಿನ ಪ್ರಸಾದನ ಆಟೋ ಹತ್ತಿ ಹೋದೆವು. ಅವನ ಆಟೋ ಆ ಮಣ್ಣುದಾರಿಯಲ್ಲಿ ಎಷ್ಟು ಬೇಗ ಹೋಗಬಹುದೋ ಅಷ್ಟು ಬೇಗ ಹೋಯಿತು. ಅವಳು ಗಂಡನನ್ನು ಹೊಸ್ತಿಲವರೆಗೆ ಎಳೆದು ತಂದು, ಗೋಡೆಗೆ ಒರಗಿಸಿ, ಸೆರಗಿನಿಂದ ಗಾಳಿ ಬೀಸುತ್ತಿದ್ದಳು. ಪ್ರಸಾದ ಮೂಗಿನ ಹತ್ತಿರ ಕೈಯಿಟ್ಟು ನೋಡಿ ನನ್ನ ಮುಖ ನೋಡಿದ. ಅವಳು ಬೀಸುವುದನ್ನು ನಿಲ್ಲಿಸಲಿಲ್ಲ. ಕೊನೆಗೆ ನಾನೇ ಕೈ ಹಿಡಿದುಕೊಳ್ಳಬೇಕಾಯಿತು.

ತಿಥಿ ಮುಗಿದ ಮೇಲೆ ಒಂದು ದಿನ ಬ್ಲೌಸಿನ ಅಳತೆ ಕೊಡಲು ಬಂದ ಕಾಲೇಜು ಹುಡುಗಿಯೊಬ್ಬಳು, "ಆಂಟಿ, ಇದ್ನ ನೋಡಿದ್ರಾ? ನಮ್ಮ ನಂಜನಗೂಡಲ್ಲೇ ನಿಜವಾದ ದೆವ್ವ ಸಿಕ್ಕಿದೆ" ಎಂದು ಫೋನ್ ಹಿಡಿದಳು. ಬಾಗಿಲಿಲ್ಲದ ಮನೆಗಳ ಸಾಲು. ಡಿಸ್ಪೆನ್ಸರಿಯ ಮೂಲೆಯಿಂದ ಒಬ್ಬ ಹೆಂಗಸು ಕೂದಲು ಬಿಚ್ಚಿಕೊಂಡು, ಎರಡೂ ಕೈ ಮುಂದೆ ಚಾಚಿಕೊಂಡು ಓಡಿ ಬರುತ್ತಾಳೆ. ಹುಡುಗರು ಕಿರುಚುತ್ತಾರೆ, ಕಾರಿನ ಬಾಗಿಲು ಬಡಿಯುತ್ತದೆ, ಹಿಂದಿನ ಗಾಜಿನಲ್ಲಿ ಅವಳು ಚಿಕ್ಕವಳಾಗುತ್ತಾ ಹೋಗುತ್ತಾಳೆ. ಹಸಿರು ಬ್ಲೌಸು, ತೋಳಿನ ಅಂಚಿಗೆ ಹಳದಿ ಪೈಪಿಂಗು. ಆ ಪೈಪಿಂಗ್ ಕೊಟ್ಟವಳು ನಾನು. ಅವಳ ಬಾಯಿ ಆಡುತ್ತಿದೆ, ಆದರೆ ಮಾತಿನ ಮೇಲೆ ಜೋರಾಗಿ ಮ್ಯೂಸಿಕ್ ಹಾಕಿದ್ದಾರೆ. ಅವಳು ಏನು ಕೂಗಿದಳು ಎಂದು ಅವಳೇ ನನಗೆ ಹೇಳಿದ್ದಳು. "ಓಗ್ಬ್ಯಾಡ್ರಪ್ಪ, ನಿಲ್ಸಿ, ನಮ್ಮನೆಯವ್ರು ಸಾಯ್ತಾವ್ರೆ."

ಆ ಹುಡುಗಿಯನ್ನು ಅಂಗಡಿಯಿಂದ ಎಬ್ಬಿಸಿ ಕಳಿಸಿದೆ. ಪಾಪ, ಅವಳದೇನು ತಪ್ಪು.

ಮಾರನೆಯ ದಿನ ಒಂದು ಪ್ಯಾಕೆಟ್ ರಂಗೋಲಿ ಪುಡಿ ತೆಗೆದುಕೊಂಡು ಕಾಲೋನಿಗೆ ಹೋದೆ. ಸೂತಕ ಕಳೆದಿತ್ತು, ಆದರೂ ಹೊಸ್ತಿಲು ಬೋಳಾಗಿತ್ತು. ಹಗ್ಗದ ಮೇಲೆ ಬಟ್ಟೆ ಇರಲಿಲ್ಲ. ಮೇಕೆಗಳನ್ನು ಮಾರಿಬಿಟ್ಟಿದ್ದಳು. ಅವಳು ಜಗುಲಿಯ ಮೇಲೆ ಸುಮ್ಮನೆ ಕೂತಿದ್ದಳು.

"ಎದ್ದು ನನ್ನ ಜೊತೆ ಬಾ ಅಕ್ಕ. ಅಂಗಡಿ ಹಿಂದೆ ರೂಮಿದೆ. ಇಲ್ಲೇನಿದೆ ಇನ್ನು?"

"ನಾನೂ ಬಂದ್ಬುಟ್ರೆ, ಇಲ್ಲಿ ಯಾರೂ ಇಲ್ಲ ಅಂತ ಅವ್ರು ಏಳಿದ್ದೇ ದಿಟ ಆಯ್ತದಲ್ಲವ್ವ."

ರಂಗೋಲಿ ಪ್ಯಾಕೆಟ್ಟನ್ನು ಕೈಗಿಟ್ಟೆ. ಅದನ್ನು ತಿರುಗಿಸಿ ನೋಡಿ ಗೋಡೆಯ ಗೂಡಿನಲ್ಲಿಟ್ಟಳು. "ಯಾರ್ ನೋಡ್ಲಿ ಅಂತ ಬುಡ್ಲಿ?" ಎಂದಳು.

ಅಷ್ಟರಲ್ಲಿ ಗೇಟಿನ ಕಡೆಯಿಂದ ಕಾರಿನ ಸದ್ದು ಕೇಳಿತು. ನಾಲ್ಕೈದು ಹುಡುಗರು ಇಳಿದು, ಕ್ಯಾಮೆರಾ ಎತ್ತಿಕೊಂಡು, ಡಿಸ್ಪೆನ್ಸರಿಯ ಕಡೆಯಿಂದ ಮೆಲ್ಲಗೆ ಇತ್ತ ಬರತೊಡಗಿದರು. ಇವತ್ತು ಇವರನ್ನು ನೋಡಿಕೊಳ್ಳುತ್ತೇನೆ ಎಂದು ಸೆರಗು ಸಿಕ್ಕಿಸಿಕೊಂಡು ಅಂಗಳಕ್ಕಿಳಿದೆ. ಬಾಯಿಗೆ ಬಂದ ಬೈಗುಳವೆಲ್ಲ ನಾಲಗೆಯ ತುದಿಯಲ್ಲಿತ್ತು.

ಹಿಂದಿನಿಂದ ಬಾಗಿಲು ಕಿರುಗುಟ್ಟಿತು. ತಿರುಗಿ ನೋಡಿದೆ. ಅವಳಿಗೆ ಯಾರೂ ಏನೂ ಹೇಳಿರಲಿಲ್ಲ. ತಾನೇ ಎದ್ದು ಒಳಗೆ ಹೋಗಿದ್ದಳು. ಅರ್ಧ ಮುಚ್ಚಿದ ಬಾಗಿಲ ಸಂದಿಯಿಂದ ನನ್ನನ್ನು ಕೈಬೀಸಿ ಕರೆದಳು.

"ಒಳೀಕ್ ಬಾ ರುದ್ರಾಣಿ. ಪಾಪ, ದೂರದಿಂದ ಬಂದವ್ರೆ."